ಎತ್ತಿಗೆ ಹೇಳಿದ ಬಾಣಂತನ

ಕೊಳ್ಳೇಗಾಲದ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನ ಗೋಡೆಗೆ ಒಂದು ಬಣ್ಣದ ಪಟ ಅಂಟಿಸಿದ್ದಾರೆ. ತಾಯಿ ಮಗುವಿಗೆ ಹಾಲೂಡಿಸುವ ಬಗೆ, ನಾಲ್ಕು ಚಿತ್ರಗಳಲ್ಲಿ. ಚಿತ್ರದ ತಾಯಿಗೆ ಹೆರಿಗೆಯಾದ ಲಕ್ಷಣವೇ ಇಲ್ಲ. ಜಡೆ ಹೆಣೆದು, ಬೊಟ್ಟಿಟ್ಟು, ಮದುವೆಮನೆಗೆ ಹೊರಟವಳ ಹಾಗೆ ನಗುತ್ತಿದ್ದಾಳೆ. ಮೊನ್ನೆ ನರ್ಸಮ್ಮ ಎರಡನೆಯ ಚಿತ್ರದ ಮೇಲೆ ಪೆನ್ನಿನ ತುದಿಯಿಂದ ಕುಟ್ಟುತ್ತಾ ನನ್ನ ಮಗಳು ಶೋಭಾಳಿಗೆ ಹೇಳುತ್ತಿದ್ದರು: "ಎದೆ ಗಟ್ಟಿಯಾಗಿದ್ರೆ ಮಗು ಬಾಯಿಗೆ ಸಿಗಲ್ಲಮ್ಮ. ಮೊದ್ಲು ಬಿಸಿ ಬಟ್ಟೆ ಇಟ್ಕೊಳ್ಳಿ. ಕೈಯಲ್ಲಿ ಸ್ವಲ್ಪ ಹಿಂಡಿ ಮೆತ್ತಗೆ ಮಾಡ್ಕೊಳ್ಳಿ. ಆಮೇಲೆ ಮಗುಗೆ ಕೊಡಿ." ಮೂರು ದಿನದ ಕೂಸು ಕಿರುಚುತ್ತಿತ್ತು, ಶೋಭಾ ಅಳುತ್ತಿದ್ದಳು. ಅಂಥ ಹೊತ್ತಿನಲ್ಲಿ ಅಜ್ಜಿಯಾದವಳು ಏನು ಮಾಡಬೇಕು? ನಾನು ಕಿಸಕ್ಕನೆ ನಕ್ಕುಬಿಟ್ಟೆ. ನರ್ಸಮ್ಮ ತಿರುಗಿ ನೋಡಿದ ನೋಟಕ್ಕೆ ಸೆರಗನ್ನು ಬಾಯಿಗೆ ತುರುಕಿಕೊಂಡೆ.

"ಏನಿಲ್ಲ ಸಿಸ್ಟರ್, ಇದನ್ನೆಲ್ಲ ನಮ್ಮಪ್ಪ ಆವಾಗ್ಲೇ ಹೇಳಿದ್ರು" ಅಂದೆ. ಯಾರಿಗೆ ಹೇಳಿದರು ಎಂಬುದನ್ನು ಹೇಳಲಿಲ್ಲ. ಹೇಳಿದ್ದರೆ ಆಕೆ ನನ್ನನ್ನೂ ಯಾವುದಾದರೂ ವಾರ್ಡಿಗೆ ಸೇರಿಸುತ್ತಿದ್ದರು. ನಿಮ್ಮ ಹತ್ತಿರ ಹೇಳಬಹುದು, ನಿಮ್ಮ ಕೈಯಲ್ಲಿ ಪೆನ್ನಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಈ ಶೋಭಾಳೇ ಆಗ ಕೂಸು. ನನಗೆ ಚೊಚ್ಚಲ ಹೆರಿಗೆ, ತವರಿನಲ್ಲಿ, ಹನೂರಿನಾಚೆಯ ಬಂಡಳ್ಳಿಯಲ್ಲಿ. ಬಾಣಂತನದ ಸರ್ವಾಧಿಕಾರಿ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ. ಅವ್ವ ಅವಳ ಕೈಕೆಳಗಿನ ಆಳು. ನಾನೂ ಕೂಸೂ ಪ್ರಜೆಗಳು. ಬಾಣಂತಿ ಕೋಣೆಗೆ ಹನ್ನೊಂದು ದಿನ ಗಂಡಸರು ಕಾಲಿಡುವಂತಿರಲಿಲ್ಲ. ಕೋಣೆಯ ಹಿಂಗೋಡೆಯ ಆಚೆಗೆ ದನದ ಕೊಟ್ಟಿಗೆ. ಆ ಗೋಡೆಯಲ್ಲಿ ನನ್ನ ತಲೆಯಷ್ಟು ಎತ್ತರದಲ್ಲಿ ಒಂದು ಗವಾಕ್ಷಿ, ಬೆಳಕಿಗೆಂದು ಬಿಟ್ಟಿದ್ದರೂ ಅದರಿಂದ ಬರುತ್ತಿದ್ದದ್ದು ಗಂಜಲದ ವಾಸನೆ ಮಾತ್ರ.

ಮೊದಲ ಮೂರು ದಿನ ಬರುವ ಹಳದಿ ಹಾಲು ಕೆಟ್ಟ ಹಾಲು, ಕೂಸಿಗೆ ಕೊಡಕೂಡದು ಎಂಬುದು ಅಜ್ಜಿಯ ಕಾನೂನು. ಅದನ್ನು ಹಿಂಡಿಸಿ ಹಿತ್ತಲಿನ ನುಗ್ಗೆಮರದ ಬುಡಕ್ಕೆ ಚೆಲ್ಲಿಸಿದಳು. ಕೂಸಿನ ಬಾಯಿಗೆ ಸಕ್ಕರೆ ನೀರಿನಲ್ಲಿ ಅದ್ದಿದ ಬಟ್ಟೆಯ ಬತ್ತಿ. ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಇದೇ ಅಜ್ಜಿ, ಊರಿನಲ್ಲಿ ಯಾರ ಮನೆಯ ಹಸು ಕರು ಹಾಕಿದರೂ ಪಕ್ಕದ ಮನೆಗೆ ಸುದ್ದಿ ಮುಟ್ಟುವ ಮೊದಲೇ ಚೊಂಬು ಹಿಡಿದು ಹೊರಡುತ್ತಿದ್ದಳು. ಗಿಣ್ಣಿನ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ, "ಮೊದ್ಲಾಲ್ನಲ್ಲಿರೋ ಸತ್ವ ಇನ್ಯಾವುದ್ರಲ್ಲೂ ಇಲ್ಲ ಕಣ್ರೇ" ಎಂದು ಹಲ್ಲಿಲ್ಲದ ಬಾಯಲ್ಲಿ ಚಪ್ಪರಿಸುತ್ತಿದ್ದಳು. ಹಸುವಿನ ಮೊದಲ ಹಾಲು ಅಜ್ಜಿಗೆ, ಮೊಮ್ಮಗಳ ಮೊದಲ ಹಾಲು ನುಗ್ಗೆಮರಕ್ಕೆ. ಆ ವರ್ಷ ನುಗ್ಗೆ ಜೋರಾಗಿ ಕಾಯಿ ಬಿಟ್ಟಿತು. ಅವ್ವ ಸಾರು ಮಾಡಿ ಬಡಿಸಿದಾಗ ನನಗೆ ಉಣ್ಣಲು ಒಂಥರಾ ಆಯಿತು.

ನಾಲ್ಕನೆಯ ದಿನ ಅಜ್ಜಿ ಅಪ್ಪಣೆ ಕೊಟ್ಟಳು: ಇನ್ನು ಕೂಸು ಕುಡಿಯಬಹುದು. ಅಷ್ಟರಲ್ಲಿ ನನ್ನ ಎದೆ ಕಲ್ಲಾಗಿತ್ತು. ಮುಟ್ಟಿದರೆ ಪ್ರಾಣ ಹೋಗುವ ನೋವು. ಕೂಸು ಬಾಯಿ ತೆರೆದು ಬರುತ್ತಿತ್ತು, ಹಿಡಿಯಲು ಏನೂ ಸಿಗದೆ ಜಾರುತ್ತಿತ್ತು, ಮತ್ತೆ ಬರುತ್ತಿತ್ತು, ಮತ್ತೆ ಜಾರುತ್ತಿತ್ತು. ಆಮೇಲೆ ಸಿಟ್ಟಿನಿಂದ ಕಿರುಚುತ್ತಿತ್ತು. ನಾನೂ ಕಿರುಚುತ್ತಿದ್ದೆ, ಆದರೆ ಬಾಣಂತಿ ಕಿರುಚಿದರೆ ಗಾಳಿ ಮೆಟ್ಟುತ್ತದೆಂದು ಅಜ್ಜಿ ನನ್ನ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು.

ಕೂಸು ಅಳುತ್ತದೆ, ಆದ್ದರಿಂದ ತಾಯಿಗೆ ಹಾಲಿಲ್ಲ, ಆದ್ದರಿಂದ ಬೆಳ್ಳುಳ್ಳಿ. ಇದು ಆ ಸೀಮೆಯ ತರ್ಕ. ಬೆಳ್ಳುಳ್ಳಿಯನ್ನು ಎಳ್ಳೆಣ್ಣೆಯಲ್ಲಿ ಹುರಿದು, ಅನ್ನಕ್ಕೆ ಕಲಸಿ, ಸಾರಿಗೆ ಜಜ್ಜಿ, ಮೂರು ಹೊತ್ತೂ ತಿನ್ನಿಸಿದರು. ಜೊತೆಗೆ ಸಬ್ಬಸಿಗೆ ಸೊಪ್ಪು, ಮೆಂತ್ಯದ ಗಂಜಿ. ಪಕ್ಕದ ಮನೆಯ ಚಿನ್ನಮ್ಮಕ್ಕ, ತಮಿಳುನಾಡಿನ ಕಡೆಯಿಂದ ಸೊಸೆಯಾಗಿ ಬಂದವಳು, ಕರ್ವಾಡಿನ ಪೊಟ್ಟಣ ಹಿಡಿದು ಬಂದಳು. "ಈ ಒಣಮೀನು ತಿಂದ್ರೆ ಪಾಲು, ಅದೇ ಹಾಲು, ಊರ್ತದೆ ಕಣಮ್ಮ, ಬಾವಿ ಊರ್ದಂಗೆ" ಅಂದಳು. ಊರದೇ ಇದ್ದರಲ್ಲವೇ ಊರಿಸಬೇಕಾದ್ದು? ನನ್ನದು ಕೋಡಿ ಬೀಳುವ ಕೆರೆ, ತೂಬು ಕಟ್ಟಿಕೊಂಡಿದೆ. ಇವರೆಲ್ಲ ಸೇರಿ ಆ ಕೆರೆಗೆ ಇನ್ನಷ್ಟು ನೀರು ತರಲು ಕಾಲುವೆ ತೋಡುತ್ತಿದ್ದರು. ಎದೆ ಇನ್ನಷ್ಟು ಬಿಗಿಯಿತು. ಕೂಸು ಇನ್ನಷ್ಟು ಅತ್ತಿತು. ಬೆಳ್ಳುಳ್ಳಿ ಇನ್ನಷ್ಟು ಬಂತು.

ಐದನೆಯ ದಿನ ಯಳಂದೂರಿನಿಂದ ಚಿಕ್ಕಮ್ಮ ಬಂದಳು. ನನ್ನನ್ನು ನೋಡಿದ ಕೂಡಲೇ, "ಅಯ್ಯೋ, ಹಾಲು ಕಟ್ಕಂಡದೆ, ಮಲ್ಲಿಗೆ ಹೂ ಕಟ್ರಿ, ಇಳೀತದೆ" ಅಂದಳು. ಹಾಲು ಬತ್ತಿಸಲು ಮಲ್ಲಿಗೆ ಕಟ್ಟುವುದು ನಮ್ಮ ಕಡೆ ಇದ್ದದ್ದೇ. ಅಜ್ಜಿಗೆ ಚಿಕ್ಕಮ್ಮನ ಮಾತನ್ನು ತೆಗೆದುಹಾಕಲು ದಾಕ್ಷಿಣ್ಯ, ತನ್ನ ಬೆಳ್ಳುಳ್ಳಿಯನ್ನು ಬಿಡಲು ಹಟ. ಕೊನೆಗೆ ಎರಡೂ ನಡೆಯಲಿ ಎಂದು ತೀರ್ಮಾನವಾಯಿತು. ಒಳಗಿನಿಂದ ಹಾಲು ಹೆಚ್ಚಿಸಲು ಬೆಳ್ಳುಳ್ಳಿ, ಮೇಲಿನಿಂದ ಬತ್ತಿಸಲು ಮಲ್ಲಿಗೆ. ಎರಡೂ ಸೇರಿದರೆ ಬರುವ ವಾಸನೆ ಹೇಗಿರುತ್ತದೆಂದು ಕೇಳಬೇಡಿ. ಕೂಸು ಹತ್ತಿರ ಬಂದು ಮೂಗು ಸಿಂಡರಿಸಿ ಮುಖ ತಿರುಗಿಸಿತು. ಅದನ್ನು ಕಂಡ ಅಜ್ಜಿ ಇದು ಕಣ್ಣೆಸರು ಅಂದಳು. ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕಿದರು. ಬಾಗಿಲು ಮುಚ್ಚಿದ ಕೋಣೆ. ಎಲ್ಲರೂ ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿ ಹೊರಗೆ ಓಡಿದೆವು. ನೋಡಿ, ಎಷ್ಟು ಘಾಟು, ಎಷ್ಟು ದೊಡ್ಡ ಕಣ್ಣು ಬಿದ್ದಿತ್ತು ಎಂದು ಅಜ್ಜಿ ಹೊರಗೆ ಕೆಮ್ಮುತ್ತಲೇ ಹೆಮ್ಮೆಪಟ್ಟಳು.

ಈಗ ಬರೆಯುವಾಗ ನಗು ಬರುತ್ತದೆ. ಆರನೆಯ ದಿನ ಬರಲಿಲ್ಲ. ಅವತ್ತು ಕೂಸು ಕಿರುಚುವುದನ್ನು ಬಿಟ್ಟು ಕುಂಯ್ ಕುಂಯ್ ಅನ್ನತೊಡಗಿತು. ತುಟಿ ಒಣಗಿತ್ತು. ಅವ್ವ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದಿಂದ ಬಂದು, "ಬೆಳಗಿಂದ ಒಂದೇ ಬಟ್ಟೆ ಒದ್ದೆ ಆಗಿರೋದು" ಎಂದು ಮೆಲ್ಲಗೆ ಹೇಳಿ, ಬಾಗಿಲ ಸಂದಿಯಲ್ಲಿ ನಿಂತುಕೊಂಡಳು. ಅವಳ ಮುಖದಲ್ಲಿ ನನಗೆ ಗೊತ್ತಿಲ್ಲದ ಯಾವುದೋ ಭಯ ಇತ್ತು. ನನಗೆ ಜ್ವರ. ಎದೆಯಲ್ಲಿ ಇಷ್ಟು ಹಾಲು ಇಟ್ಟುಕೊಂಡು ಕೂಸನ್ನು ಹಸಿವಿನಿಂದ ಕೊಲ್ಲುತ್ತಿದ್ದೇನೆ ಎಂದು ನನಗೆ ಅನ್ನಿಸಿತು. ಅಷ್ಟು ಹೆದರಿಕೆ ಅದಕ್ಕೆ ಮುಂಚೆ ನನಗೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಇನ್ನು ಅಪ್ಪನ ವಿಷಯ. ದನ ಅಂದರೆ ಅಪ್ಪ. ಕರು ಅಡ್ಡ ಸಿಕ್ಕಿಕೊಂಡರೆ, ಕೆಚ್ಚಲು ಬಾತರೆ, ಕೌದಳ್ಳಿಯಿಂದಲೂ ಕರೆಯಲು ಬರುತ್ತಿದ್ದರು. ಆದರೆ ಮನುಷ್ಯರ ಜೊತೆ ಮಾತು ಬಲು ಕಡಿಮೆ. ನಾನು ದೊಡ್ಡವಳಾದ ಮೇಲಂತೂ ನನ್ನ ಜೊತೆ ಆಡಿದ ಮಾತುಗಳನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಬಹುದಿತ್ತು. ಹೆರಿಗೆಯಾದ ದಿನ ಹೊಸ್ತಿಲಾಚೆ ನಿಂತು, "ಹೆಣ್ಣಾ? ಒಳ್ಳೇದಾಯ್ತು ಬುಡು" ಅಂದು ಹೋದವನು ಮತ್ತೆ ಕಂಡಿರಲಿಲ್ಲ.

ಆ ಆರನೆಯ ದಿನ ಮಧ್ಯಾಹ್ನ ಹೆಂಗಸರೆಲ್ಲ ಅಡುಗೆಮನೆಯಲ್ಲಿದ್ದರು. ಗವಾಕ್ಷಿಯಿಂದ ಅಪ್ಪನ ಗಂಟಲು ಕೇಳಿಸಿತು, ಸಂತೆಯಲ್ಲಿ ಕೂಗುವಷ್ಟು ದೊಡ್ಡದಾಗಿ.

"ಕೆಂಪೀ, ಯಾಕವ್ವ ಅಳ್ತಿದ್ದೀಯೆ?"

ಕೆಂಪಿ ನಮ್ಮ ಹಸು. ಕರು ಹಾಕಿ ತಿಂಗಳಾಗಿತ್ತು. ಹಸು ಅಳುವುದುಂಟೇ ಎಂದುಕೊಂಡೆ.

"ಕೆಚ್ಲು ಕಲ್ಲಾಗೋಗದೆ. ಕಲ್ಗೆ ಕರ ಎಂಗವ್ವ ಬಾಯಾಕ್ತದೆ? ಅದ್ರ ತೆಪ್ಪಲ್ಲ, ನಿನ್ ತೆಪ್ಪೂ ಅಲ್ಲ. ಬಿಸ್ನೀರ್ನಲ್ಲಿ ಬಟ್ಟೆ ಅದ್ದಿ, ಇಂಡಿ, ಮೇಲಾಕು. ಒಸಿ ಒತ್ತು ಬುಡು. ಆಮೇಕೆ ನೀನೇ ಮೆತ್ತಗೆ ಒಸಿ ಕರ್ಕೊ."

ಹಸು ತನ್ನ ಹಾಲನ್ನು ತಾನೇ ಕರೆದುಕೊಳ್ಳುವುದೇ? ನಾನು ಕಿವಿ ನಿಮಿರಿಸಿದೆ.

"ಗೋಡೆಗೆ ಒರ್ಗಿ ಕುಂತ್ಕೊ. ಬೆನ್ಗೊಂದು ದಿಂಬು ಮಡೀಕೊ. ತುದಿ ಮಾತ್ರ ಕೊಟ್ರೆ ಆಗಕಿಲ್ಲ, ಕರ ದೊಡ್ದಾಗಿ ಬಾಯ್ ತೆಗ್ದಾಗ ಬಾಯ್ತುಂಬ ಕೊಡು. ಆ ಬೆಳ್ಳುಳ್ಳಿ ಒಸಿ ನಿಲ್ಸು. ಮಲ್ಗೆ ಹೂವ ಬಿಚ್ಚಿ ಬಿಸಾಕು."

ನಾನು ಎದ್ದು, ಜ್ವರದಲ್ಲಿ ಗೋಡೆ ಹಿಡಿದುಕೊಂಡು, ಗವಾಕ್ಷಿಗೆ ಕಣ್ಣಿಟ್ಟೆ. ಕೆಂಪಿ ಅಲ್ಲಿರಲಿಲ್ಲ, ಊರದನದ ಜೊತೆ ಮೇಯಲು ಹೋಗಿತ್ತು. ಕೊಟ್ಟಿಗೆಯಲ್ಲಿದ್ದದ್ದು ಉಳುವ ಎತ್ತು, ಬಿಳಿಯ. ಅಪ್ಪ ನನ್ನ ಗೋಡೆಗೆ ಬೆನ್ನು ಹಾಕಿ, ಹೆಗಲ ಮೇಲಿನ ಟವಲನ್ನು ಎರಡೂ ಕೈಯಲ್ಲಿ ಹಿಂಡುತ್ತಾ, ಬಿಳಿಯನಿಗೆ ದಿಂಬು ಇಟ್ಟುಕೊಂಡು ಹಾಲೂಡಿಸುವುದನ್ನು ಹೇಳಿಕೊಡುತ್ತಿದ್ದ. ಬಿಳಿಯ ಒಣಹುಲ್ಲು ಅಗಿಯುವುದನ್ನು ನಿಲ್ಲಿಸಿ, ಇದೆಲ್ಲಿಂದ ಬಂತಪ್ಪ ಎಂಬಂತೆ ಅಪ್ಪನನ್ನೇ ನೋಡುತ್ತಿತ್ತು.

ಹೇಳಿದಂತೆ ಮಾಡಿದೆ. ಮಲ್ಲಿಗೆ ಬಿಚ್ಚಿ ಎಸೆದೆ. ಎರೆದುಕೊಳ್ಳಲು ಇಟ್ಟಿದ್ದ ಬಿಸಿನೀರಿಗೆ ಬಟ್ಟೆ ಅದ್ದಿ ಇಟ್ಟುಕೊಂಡೆ. ಹಲ್ಲು ಕಚ್ಚಿ ಒಂದಿಷ್ಟು ಹಿಂಡಿದೆ. ಮೊದಲು ಹನಿ, ಆಮೇಲೆ ಸಣ್ಣ ಧಾರೆ. ಕಲ್ಲು ಕರಗಿತು. ಕೂಸನ್ನು ಎತ್ತಿಕೊಂಡು ಕಾದೆ. ಅದು ದೊಡ್ಡದಾಗಿ ಬಾಯಿ ತೆಗೆಯಿತು, ನಾನು ಬಾಯಿ ತುಂಬ ಕೊಟ್ಟೆ. ಗುಟುಕ್, ಗುಟುಕ್ ಎಂಬ ಸದ್ದು ಕೇಳಿದಾಗ ನನಗೆ ಬಂದ ಅಳು ನೋವಿನದಲ್ಲ.

ಅಪ್ಪನಿಗೆ ಹೇಳಬೇಕಲ್ಲ, ಹೇಗೆ ಹೇಳುವುದು? ನಾನೂ ಅವನ ಮಗಳೇ ತಾನೇ. ಕೂಸಿಗೆ ಹೇಳುವವಳ ಹಾಗೆ ಗವಾಕ್ಷಿಯ ಕಡೆಗೆ ಮುಖ ಮಾಡಿ, "ಕುಡೀತಿದ್ದೀಯಾ ಮಗಳೇ? ಚೆನ್ನಾಗಿ ಕುಡೀತಿದ್ದೀಯಾ?" ಎಂದು ಕೂಗಿದೆ. ಆ ಕಡೆಯಿಂದ ಎತ್ತಿನ ಬೆನ್ನು ತಟ್ಟಿದ ಸದ್ದು, ಅಪ್ಪ ಮೂಗು ಸೀಟಿದ ಸದ್ದು.

ಸಂಜೆಯ ಹೊತ್ತಿಗೆ ಜಯ ಯಾರದೆಂದು ಜಗಳ ಶುರುವಾಯಿತು. ಬೆಳ್ಳುಳ್ಳಿಯದು ಎಂದು ಅಜ್ಜಿ. ಕರ್ವಾಡಿನದು ಎಂದು ಚಿನ್ನಮ್ಮಕ್ಕ. ಮಲ್ಲಿಗೆಯದು ಎಂದು ಯಳಂದೂರು ಚಿಕ್ಕಮ್ಮ. ಬಿಳಿಯನ ಹೆಸರನ್ನು ಯಾರೂ ಎತ್ತಲಿಲ್ಲ. ಆದರೆ ಎತ್ತಿನ ಪಾಠ ಮುಂದುವರಿಯಿತು. ತೊಟ್ಟು ಬಿರುಕು ಬಿಟ್ಟು ನಾನು ನರಳಿದ ದಿನ, "ಕುಡ್ದಾದ್ಮೇಲೆ ಕೊನೇ ಆಲ್ನೇ ಒಸಿ ಸವರ್ಕೊಂಡು ಒಣಗಾಕು ಬುಡ್ಲಾ" ಎಂದು ಬಿಳಿಯನಿಗೆ ಆಜ್ಞೆಯಾಯಿತು. ಇದು ಅಜ್ಜಿಯ ಕಿವಿಗೂ ಬಿತ್ತು. ಮಗನಿಗೆ ಬುದ್ಧಿಭ್ರಮಣೆಯೆಂದು ಹೆದರಿ ಅವನ ತೋಳಿಗೆ ಒಂದು ತಾಯಿತ ಕಟ್ಟಿಸಿದಳು. ಅಪ್ಪ ತೋಳು ಚಾಚಿ ಕಟ್ಟಿಸಿಕೊಂಡ. ಹುಚ್ಚನೆನ್ನಿಸಿಕೊಳ್ಳುವುದು ಅವನಿಗೆ ನನ್ನ ಜೊತೆ ಆ ಮಾತು ಆಡುವುದಕ್ಕಿಂತ ಸುಲಭವಾಗಿತ್ತು.

ಮೊನ್ನೆ ಶೋಭಾಳ ಕೂಸು ಕುಡಿಯಲು ಹಿಡಿದ ಮೇಲೆ ನಾನು ಹೊರಗೆ ಬಂದೆ. ಅಪ್ಪ ಬೆಳಗಿನ ಬಸ್ಸಿಗೆ ಬಂಡಳ್ಳಿಯಿಂದ ಬಂದು, ಗಂಡಸರ ಬೆಂಚಿನ ತುದಿಯಲ್ಲಿ ಕೋಲು ಹಿಡಿದು ಕೂತಿದ್ದ. ಎಪ್ಪತ್ತು ದಾಟಿದೆ, ಕಿವಿ ಮಂದ. ಅವ್ವ ಹೋಗಿ ಆರು ವರ್ಷವಾಯಿತು. ಪಕ್ಕದಲ್ಲಿ ಕೂತು ಅವನ ಕಿವಿಯ ಹತ್ತಿರ ಹೇಳಿದೆ: "ಅಪ್ಪ, ನೀನು ಬಿಳಿಯನಿಗೆ ಹೇಳಿಕೊಟ್ಟಿದ್ದನ್ನೆಲ್ಲ ಒಳಗೆ ಗೋಡೆ ಮೇಲೆ ಬರೆದು ಹಾಕವ್ರೆ."

ನಗುತ್ತಾನೆ ಅಂದುಕೊಂಡಿದ್ದೆ. ಅವನು ನಗಲಿಲ್ಲ.

"ನಿನ್ಗಿಂತ ಮುಂಚೆ ಒಂದು ಗಂಡ್ಮಗ ಆಗಿತ್ತಲ್ಲ" ಅಂದ.

ನನಗೆ ಗೊತ್ತಿತ್ತು. ದೇವರು ಕರಕೊಂಡ ಎಂದಷ್ಟೇ ಅವ್ವ ಹೇಳುತ್ತಿದ್ದಳು.

"ಒಂಬತ್ತು ದಿನ ಇತ್ತು ಕಣವ್ವ. ನಿಮ್ಮವ್ವನ್ಗೂ ನಿನ್ನಂಗೇ ಎದೆ ಕಟ್ಕಂಡಿತ್ತು. ನಾನು ಕೊಟ್ಗೇಲಿ ನಿಂತು ಕೇಳುಸ್ಕತಿದ್ದೆ. ಏನ್ ಮಾಡ್ಬೇಕು ಅಂತ ಗೊತ್ತಿತ್ತು. ದಿನಾ ದನಕ್ಕೆ ಮಾಡ್ತಿದ್ದೋನ್ಗೆ ಗೊತ್ತಿರಕಿಲ್ವಾ? ಗಂಡಸ್ರು ಆಡೋ ಮಾತಲ್ಲ ಅಂತ ಸುಮ್ಕಿದ್ಬುಟ್ಟೆ."

ನಾನು ಅವನ ಕೈ ಹಿಡಿದುಕೊಂಡೆ. ಇಷ್ಟು ವರ್ಷ ಈ ಕತೆಯನ್ನು ಎಷ್ಟು ಜನರಿಗೆ ಹೇಳಿ ನಗಿಸಿದ್ದೇನೋ, ಲೆಕ್ಕವಿಲ್ಲ. ಅಪ್ಪನ ಎದುರಿಗೇ ಹೇಳಿದ್ದೇನೆ. ಅವನು ಸುಮ್ಮನೆ ಕೂತು ಕೇಳಿಸಿಕೊಂಡಿದ್ದಾನೆ. ನನಗೆ ನಾಚಿಕೆಯಾಯಿತು. ಆರನೆಯ ದಿನ ಬಾಗಿಲ ಸಂದಿಯಲ್ಲಿ ಅವ್ವ ಯಾಕೆ ಹಾಗೆ ನಿಂತಿದ್ದಳೆಂದು ಮೊನ್ನೆ ನನಗೆ ತಿಳಿಯಿತು.

ಒಳಗೆ ಕೂಸು ಮತ್ತೆ ಅತ್ತಿತು. ಅಪ್ಪ ನನ್ನ ಕೈ ಬಿಡಿಸಿಕೊಂಡು, ಕೋಲೂರಿ ಎದ್ದ. ವಾರ್ಡಿನ ಬಾಗಿಲಿನ ಪರದೆಯವರೆಗೆ ನಡೆದು ಅಲ್ಲೇ ನಿಂತ. ಬೆಂಚಿನ ಮೇಲಿದ್ದ ಅಷ್ಟೂ ಗಂಡಸರು ಅವನನ್ನು ನೋಡುತ್ತಿದ್ದರು. ಈ ಸಲ ಅವನು ಬೆನ್ನು ತಿರುಗಿಸಲಿಲ್ಲ. ಕಿವಿ ಕೇಳದವರ ದೊಡ್ಡ ಗಂಟಲಿನಲ್ಲಿ, ಇಡೀ ಆಸ್ಪತ್ರೆಗೆ ಕೇಳಿಸುವ ಹಾಗೆ ಕೂಗಿದ:

"ಶೋಭಾ! ಒಂದ್ ಕಡೆ ಕುಡ್ದು ಬರಿದಾದ್ಮೇಲೆ ಇನ್ನೊಂದ್ ಕಡೀಕೂ ಆಕವ್ವ!"

ಬೆಂಚಿನ ಗಂಡಸರೆಲ್ಲ ಒಟ್ಟಿಗೆ ತಲೆ ತಗ್ಗಿಸಿ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಪರದೆಯ ಒಳಗಿನಿಂದ ನನ್ನ ಮಗಳ ದನಿ ಬಂತು.

"ಹೂಂ ತಾತ, ಹಾಕ್ತೀನಿ."