ಬಸಿಲಿಸಾ ಶಾಲು ಹೊದಿಸಿದ್ದು

ನನ್ನ ಚಿಕ್ಕಪ್ಪನ ಮಗಳು ಬಸಿಲಿಸಾ ಮದುವೆಗೆ ಮುಂಚೆ ನಮ್ಮ ನವಾಲ್ಕೊರ್ವಾದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದಳು. ಗುಡ್ಡದ ಚೆರ್ರಿ ತೋಟದಲ್ಲಿ ಗಂಡಸರು ಕೆಳಗಿಳಿದು ತಳ್ಳುವಂಥ ತಿರುವುಗಳಲ್ಲೂ ಇವಳು ಹಾಡು ಗುನುಗುತ್ತ ಟ್ರೈಲರನ್ನು ಹಿಂದಕ್ಕೆ ತರುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವಳ ಗಂಡ ಎವಾರಿಸ್ತೊನನ್ನು ಕೇಳಿದರೆ ಅವಳಿಗೆ ಬಾಗಿಲ ಚಿಲಕ ತೆಗೆಯುವುದಕ್ಕೂ ಬರುವುದಿಲ್ಲ.

ಅವನೂ ನಮ್ಮ ಊರಿನವನೇ. ಮದುವೆಯಾದ ವರ್ಷವೇ ಅವಳನ್ನು ಉತ್ತರಕ್ಕೆ, ಬಿಲ್ಬಾವೊ ಕಡೆ ಕರೆದುಕೊಂಡು ಹೋದ. ಅವನು ಉಕ್ಕಿನ ಕಾರ್ಖಾನೆಯಲ್ಲಿ, ಅವಳು ಮೀನು ಡಬ್ಬಿಗೆ ತುಂಬುವ ಕಡೆ. ಅಲ್ಲಿ ಅವನು ಹೊಡೆಯುವುದನ್ನು ಕಲಿತನೋ, ಇಲ್ಲಿಂದಲೇ ಕಲಿತುಕೊಂಡು ಹೋದನೋ, ದೇವರಿಗೇ ಗೊತ್ತು. ಬೇಸಿಗೆಯಲ್ಲಿ ಊರಿಗೆ ಬಂದಾಗ ಅವಳ ಮೈಮೇಲೆ ಎಲ್ಲಾದರೊಂದು ಕಡೆ ನೀಲಿ ಇರುತ್ತಿತ್ತು. ಕೇಳಿದರೆ ಮೆಟ್ಟಿಲು ಜಾರಿದೆ ಎನ್ನುತ್ತಿದ್ದಳು. ಅವನು ನಿವೃತ್ತನಾಗಿ, ಮಂಚ, ಒಲೆ, ತೊಟ್ಟಿ ಎಲ್ಲ ಒಳಗೇ ಇರುವ ಒಂದು ವ್ಯಾನು ಕೊಂಡ. ದೇಶ ಸುತ್ತುತ್ತೇವೆ ಎಂದು ಇಬ್ಬರೂ ಹೊರಟರು. ವ್ಯಾನಿನಲ್ಲಿ ಮೆಟ್ಟಿಲಿರಲಿಲ್ಲ. ಪಾಪ, ಅವಳ ಸುಳ್ಳಿಗೂ ಜಾಗವಿಲ್ಲದಂತಾಯಿತು.

ಈ ಜನವರಿಯ ಹಬ್ಬದಲ್ಲಿ ಸರ್ರಾಕೊ ಆಗುವ ಸರದಿ ಎವಾರಿಸ್ತೊನದು. ನಮ್ಮೂರಿನ ಗಂಡಸರು ಆ ಪಟ್ಟಿಗೆ ಹೆಸರು ಕೊಟ್ಟು ಅರ್ಧ ಆಯಸ್ಸು ಕಾಯುತ್ತಾರೆ. ಸರ್ರಾಕೊ ಎಂದರೆ ದನಗಳ್ಳ. ಮೈತುಂಬ ಬಣ್ಣದ ಚಿಂದಿ, ತಲೆಗೆ ಕೊಂಬಿನ ಮುಖವಾಡ, ಕೊರಳಲ್ಲಿ ತಮಟೆ. ಅವನು ಬಾರಿಸುತ್ತ ಬೀದಿಗೆ ಬಂದರೆ ಊರಿಗೂರೇ ಟರ್ನಿಪ್ ಗೆಡ್ಡೆ ಎಸೆಯುತ್ತದೆ. ಲಾರಿಗಟ್ಟಲೆ ಗೆಡ್ಡೆ. ಚಿಂದಿಯ ಒಳಗೆ ಗಟ್ಟಿ ಕವಚ ಇರುತ್ತದೆ, ಆದರೂ ಪಕ್ಕೆಲುಬು ಮುರಿದುಕೊಂಡವರಿದ್ದಾರೆ. ಅವನ ಮನೆಯ ಹೆಂಗಸು ಬಂದು ಅವನ ಮೇಲೆ ಶಾಲು ಹೊದಿಸುವ ತನಕ ಏಟು ನಿಲ್ಲುವುದಿಲ್ಲ. ಹೊದಿಸಿದ ಮೇಲೆ ಒಂದು ಗೆಡ್ಡೆಯನ್ನೂ ಯಾರೂ ಎಸೆಯುವಂತಿಲ್ಲ.

ಬಿಲ್ಬಾವೊದಿಂದ ನೆಟ್ಟಗೆ ಬಂದಿದ್ದರೆ ಒಂದು ಹಗಲಿನ ದಾರಿ. ಮಹಾರಾಯ ಸಮುದ್ರದ ದಂಡೆ ಹಿಡಿದು, ದೇಶವನ್ನೆಲ್ಲ ಒಂದು ಸುತ್ತು ಹಾಕಿಸಿ ಕರೆತಂದ. ಅವಳು ನನ್ನ ಅಡುಗೆಮನೆಗೆ ಬಂದಾಗ ಮೋಡ ಕವಿದ ಜನವರಿಯಲ್ಲೂ ಕಪ್ಪು ಕನ್ನಡಕ ಹಾಕಿದ್ದಳು. ಹಬ್ಬಕ್ಕೆ ಹುರಿಯುವ ಮೀಗಾಸ್‌ಗೆಂದು ನಾನು ಒಣ ರೊಟ್ಟಿ ಮುರಿಯುತ್ತಿದ್ದೆ. ಅವಳ ಕನ್ನಡಕ ತೆಗೆದೆ. ಎಡಗಣ್ಣು ಮುಚ್ಚಿಹೋಗಿತ್ತು.

“ಇದ್ಯಾವ ಊರಿಂದೇ?” ಎಂದೆ.

“ಅಲ್ಮೇರಿಯಾದ್ದು. ಕಾಫಿ ಉಕ್ಕಿ ಒಲೆ ಆರೋಯ್ತು, ಬಾಣಲೆ ತಗೊಂಡು ಹೊಡ್ದ. ತುಟಿದು ಪೆನ್ಯೀಸ್ಕೊಲಾದ್ದು.” ಅವಳು ತೋಳು ಮಡಚಿ ತೋರಿಸಿದಳು. “ಇದು ಸೆವಿಯಾ ದಾಟಿದ್ಮೇಲೆ. ನಾನು ನಕ್ಷೆ ತಲೆಕೆಳಗೆ ಹಿಡ್ದಿದ್ನಂತೆ. ತಬೆರ್ನಾಸ್ ಬೆಂಗಾಡಲ್ಲಿ ಇಳ್ಸಿ ಬಿಟ್ಟೋಗಿದ್ದ ಕಣೇ, ಪ್ರೀಮಿ. ನೀರೂ ಇಲ್ದೆ. ಮಧ್ಯಾಹ್ನ ಪೂರ್ತಿ ಬಿಟ್ಟು ಆಮೇಲೆ ಬಂದು, ಬುದ್ಧಿ ಬಂತಾ ಅಂದ.”

ಜನ ದೇಶ ಸುತ್ತಿ ಚಿತ್ರ ತೋರಿಸುತ್ತಾರೆ. ಇವಳು ಮೈ ತೋರಿಸಿದಳು. ನನ್ನ ಕೈಯಲ್ಲಿದ್ದ ರೊಟ್ಟಿ ಪುಡಿಪುಡಿಯಾಯಿತು.

“ಇಲ್ಲೇ ಇದ್ಬಿಡೇ.”

“ಇಲ್ಲಿದ್ರೆ ಬಿಡ್ತಾನಾ? ಆವತ್ತು ಅಮ್ಮನ ಮನೆಗೆ ಬಂದಾಗ ಊರೋರ ಮುಂದೇನೇ ಕೂದ್ಲು ಹಿಡ್ಕೊಂಡು ಎಳ್ಕೊಂಡೋದ. ಯಾರು ಅಡ್ಡ ಬಂದ್ರಿ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟಿತು. “ಆ ವ್ಯಾನಿನ ಕೀಲಿ ಒಂದು ಸಿಕ್ಕಿದ್ರೆ ಸಾಕು. ಪೋರ್ಚುಗಲ್ ಗಡಿ ಎಷ್ಟೊತ್ತಿನ ದಾರಿ? ನನ್ ಜೊತೆ ಮೀನು ತೊಳೀತಿದ್ದ ಫಿಲೊಮೆನಾ ಅಲ್ಲಿದಾಳೆ, ಬಾ ಬಾ ಅಂತಾಳೆ. ಅವ್ನು ಕೀಲೀನ ಸಂತನ ಪದಕದ ಜೊತೆ ಕೊರಳಿಗೆ ಕಟ್ಕೊಂಡಿದಾನೆ. ಸ್ನಾನಕ್ಕೂ ಬಿಚ್ಚಲ್ಲ.”

ಅಷ್ಟರಲ್ಲಿ ಎವಾರಿಸ್ತೊ ಒಳಗೆ ಬಂದ. ಕವಚ ಹಾಕಿ ಆಗಿತ್ತು. ನನ್ನತ್ತ ನೋಡದೆ ಅವಳಿಗೆ ಹೇಳಿದ.

“ಕೇಳಿಸ್ಕೋ. ಹೋದ್ವರ್ಷ ಅವ್ನ್ಯಾವನ ಹೆಂಡ್ತೀನೋ ಕಾರಂಜಿ ತನಕ ಬರೋದ್ರೊಳಗೇ ಶಾಲು ತಂದ್ಬಿಟ್ಲು. ಈಗ್ಲೂ ಅವ್ನನ್ನ ಬಾರಲ್ಲಿ ಪಾಪು ಪಾಪು ಅಂತಾರೆ. ನಾನು ತಮಟೆ ಕೋಲೆರಡನ್ನೂ ತಲೆ ಮೇಲೆ ಅಡ್ಡ ಹಿಡೀತೀನಿ. ಹಿಡಿಯೋ ತನಕ ನೀನು ಕಾಲು ಕಿತ್ತಿಡ್ಕೂಡ್ದು. ಯಾರೇ ಕೂಗ್ಲಿ, ನಾನು ಬಿದ್ರೂ ಸರಿ. ಮುಂಚೆ ಬಂದ್ರೆ ವ್ಯಾನಲ್ಲಿ ನಿನ್ನ ಇನ್ನೊಂದ್ ಕಣ್ಣೂ ಇರಲ್ಲ.”

“ಆಯ್ತು,” ಎಂದಳು ಬಸಿಲಿಸಾ.

ಅವನು ಹೋದದ್ದೇ ನಾನು ಬೀದಿಗಿಳಿದೆ. ಸುಮ್ಮನಿರುವ ಜಾಯಮಾನ ನನ್ನದಲ್ಲ. ರೊಟ್ಟಿ ಅಂಗಡಿಯಲ್ಲಿ, ಕಾರಂಜಿಯಲ್ಲಿ, ಚರ್ಚಿನ ಬಾಗಿಲಲ್ಲಿ ಎಡಗಣ್ಣು, ತುಟಿ, ತೋಳು, ಬೆಂಗಾಡು ಎಲ್ಲವನ್ನೂ ಹೇಳಿದೆ. ಹೆಂಗಸರು ಹೊರಗೆ ಹಿಮದಲ್ಲಿ ಬಿದ್ದು ಕಲ್ಲಾಗಿದ್ದ ಗೆಡ್ಡೆಗಳನ್ನು ಆರಿಸಿ ಆರಿಸಿ ಉಡಿಗೆ ತುಂಬಿಕೊಂಡರು.

ಗಂಟೆ ಹೊಡೆಯಿತು. ಸರ್ರಾಕೊ ಬಾರಿಸುತ್ತ ಬಂದ. ಪ್ರತಿ ವರ್ಷ ಮೊದಲು ಹುಡುಗರು ಎಸೆಯುತ್ತಾರೆ, ನಗು ಕೇಕೆ ಇರುತ್ತದೆ. ಈ ಸಲ ಹೆಂಗಸರು ಮುಂದೆ ನಿಂತಿದ್ದರು, ಯಾರೂ ನಗಲಿಲ್ಲ. ಗೆಡ್ಡೆಗಳು ಎದೆಗೆ, ಹೊಟ್ಟೆಗೆ, ಮೊಣಕಾಲಿಗೆ ಧಡಧಡನೆ ಬಿದ್ದವು. ಒಂದು ಕೊಂಬು ಹಾರಿಹೋಯಿತು. ತಮಟೆ ಹರಿಯಿತು. ಅವನು ಕಾರಂಜಿ ದಾಟಿದ, ಹೆಮ್ಮೆಯಿಂದ ಎದೆ ಉಬ್ಬಿಸಿಕೊಂಡೇ ದಾಟಿದ. ಆಮೇಲೆ ಕವಚ ಮುಗಿದು ಕತ್ತು ಶುರುವಾಗುವ ಕಡೆ ಒಂದು ಗೆಡ್ಡೆ ಬಿತ್ತು. ಹಸಿ ಕೊಂಬೆ ಲಟ್ಟೆಂದು ಮುರಿದಂಥ ಸದ್ದು ನನಗೂ ಕೇಳಿಸಿತು. ಯಾರು ಎಸೆದದ್ದೆಂದು ನನ್ನನ್ನು ಕೇಳಬೇಡಿ.

ಬಲಗೈ ಜೋತುಬಿತ್ತು. ಕೋಲು ಕೆಳಗುರುಳಿತು. ಎಡಗೈಯ ಕೋಲನ್ನೊಂದೇ ಮೇಲೆತ್ತಿದ, ಇನ್ನೊಂದನ್ನು ಎತ್ತಲಾಗಲಿಲ್ಲ. ಮಂಡಿಯೂರಿದ. ಮುಖವಾಡದ ಬಾಯಿಂದ ರಕ್ತ ಚಿಂದಿಯ ಮೇಲೆ ಸುರಿಯಿತು. ಗೆಡ್ಡೆ ನಿಲ್ಲಲಿಲ್ಲ.

ಹಬ್ಬದ ಹಿರಿಯ ಅನಿಸೆತೊ ಓಡಿಬಂದ. “ಬಸಿಲಿಸಾ! ಶಾಲು ತಾರಮ್ಮಾ, ಸತ್ತೋಗ್ತಾನೆ!”

ಅವಳು ಚರ್ಚಿನ ಗೋಡೆಗೆ ಒರಗಿ, ಮಡಚಿದ ಶಾಲು ಹಿಡಿದು ನಿಂತಿದ್ದಳು. “ಎರಡೂ ಕೋಲು ಅಡ್ಡ ಹಿಡಿಯೋ ತನಕ ಬರ್ಬೇಡ ಅಂದಿದಾನೆ, ಅನಿಸೆತೊ ಮಾವ. ಬಂದ್ರೆ ಹೊಡೀತಾನೆ.”

ಊರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು. ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡಳು. ಅನಿಸೆತೊ ಆ ಕಣ್ಣು ನೋಡಿ ತಲೆ ತಗ್ಗಿಸಿದ. ಅವತ್ತು ಜುಟ್ಟು ಹಿಡಿದು ಎಳೆದಾಗ ಅವನೂ ಅಲ್ಲೇ ಇದ್ದ.

ಆಮೇಲೆ ಅವಳು ತಾನಾಗಿಯೇ ನಡೆದುಹೋಗಿ ಗಂಡನ ಪಕ್ಕ ಕುಳಿತಳು. ಅವಳಿಗೆ ತಾಗೀತೆಂದು ಜನ ಕೈ ತಡೆದರು.

“ಹೊದ್ಸೇ,” ಎಂದ ಮುಖವಾಡದ ಒಳಗಿನಿಂದ. “ಮುರ್ದೋಗಿದೆ.”

“ಕೀಲಿ ಕೊಡು.”

“ಏನು?”

“ವ್ಯಾನಿನ ಕೀಲಿ.”

“ವ್ಯಾನಿಗೆ ಬಾ, ರಂಡೆ, ನಿನ್ನ ಕೊಂದ್ಹಾಕ್ತೀನಿ.”

ಬಸಿಲಿಸಾ ಎದ್ದು ಪಕ್ಕಕ್ಕೆ ಸರಿದಳು. ನಾವು ಮತ್ತೆ ಎಸೆದೆವು. ಬೆನ್ನಿಗೆ, ಪಕ್ಕೆಗೆ, ಉಳಿದಿದ್ದ ಒಂದು ಕೊಂಬಿಗೆ. ಅವನು ಮುಖ ಅಡಿಯಾಗಿ ಬಿದ್ದು ಗೆಡ್ಡೆಗಳ ಮೇಲೆ ತೆವಳತೊಡಗಿದ. ಕರುಣೆ ಬಂತೇ ಎಂದರೆ ಬರಲಿಲ್ಲ. ಹೆದರಿಕೆ ಬಂತು, ನಮ್ಮ ಬಗ್ಗೆಯೇ.

“ತಗೋ!” ಎಂದು ಕಿರುಚಿದ. “ತಗೊಂಡು ಸಾಯಿ!”

ಅವಳು ಬಗ್ಗಿ ಕತ್ತಿನ ಪಟ್ಟಿ ಬಿಚ್ಚಿದಳು. ಸರದಿಂದ ಕೀಲಿ ಬಿಡಿಸಿಕೊಂಡು ಸಂತನ ಪದಕವನ್ನು ಅವನಿಗೇ ಬಿಟ್ಟಳು. ಆಮೇಲೆ ಶಾಲು ಕೊಡವಿ, ಮೂಲೆ ಎಳೆದು, ಅಚ್ಚುಕಟ್ಟಾಗಿ ಹೊದಿಸಿದಳು. ಎತ್ತಿದ ಕೈಗಳೆಲ್ಲ ಕೆಳಗಿಳಿದವು.

ವ್ಯಾನನ್ನು ಅವನು ಬಾವಿ ಓಣಿಯಲ್ಲಿ ಸಿಗಿಸಿ ನಿಲ್ಲಿಸಿದ್ದ, ಎರಡು ಕಡೆಗೂ ಗೋಡೆ. ಅವಳು ಹತ್ತಿ ಕುಳಿತು, ಒಂದೇ ಸಲಕ್ಕೆ, ಗೋಡೆಗೆ ಕನ್ನಡಿಯೂ ತಾಗದಂತೆ ಹಿಂದಕ್ಕೆ ತಂದಳು. ನನ್ನೆದುರು ಒಂದು ಕ್ಷಣ ನಿಲ್ಲಿಸಿದಳು.

“ಮೀಗಾಸ್ ತಿಂದ್ಕೊಂಡು ಹೋಗೇ,” ಎಂದೆ.

“ಫಿಲೊಮೆನಾ ಸಾರು ಇಟ್ಟಿರ್ತಾಳೆ ಕಣೇ,” ಎಂದು ಗಡಿಯ ದಾರಿ ಹಿಡಿದಳು.

ಶಾಲಿನಡಿಯಿಂದ ಎವಾರಿಸ್ತೊ ಅವಳ ಜನ್ಮ ಜಾಲಾಡಿ ಬೈಯುತ್ತಲೇ ಇದ್ದ. ನನ್ನ ಉಡಿಯಲ್ಲಿ ಇನ್ನೂ ಒಂದು ಗೆಡ್ಡೆಯಿತ್ತು, ಹಿಮದಲ್ಲಿ ಕಲ್ಲಾದದ್ದು. ಶಾಲು ಬಿದ್ದ ಮೇಲೆ ಎಸೆಯುವಂತಿಲ್ಲ. ನಮ್ಮೂರಿನ ನಿಯಮಗಳಲ್ಲಿ ನನಗೆ ಪಾಲಿಸಲು ಕಷ್ಟವಾದದ್ದು ಅದೊಂದೇ.