ಇರುವೆ ಡಬ್ಬಿಯ ಇಕ್ಕಳ

ಎರ್ಸಿಲಿಯಾ ಗುವಾಲ್ದ್ರೋನ್ ಪಾಠ ಹೇಳುವ ಕೋಣೆಯಲ್ಲಿ ರಬ್ಬರಿನ ಗಂಡಸೊಬ್ಬ ವರ್ಷಗಟ್ಟಲೆಯಿಂದ ಹೊಟ್ಟೆ ತೆರೆದುಕೊಂಡು ಮಲಗಿದ್ದಾನೆ. ಬುಕಾರಾಮಾಂಗಾ ಊರಿನಲ್ಲಿ ತಾನು ಕಂಡ ಗಂಡಸರ ಪೈಕಿ ಬಾಯಿ ಮುಚ್ಚಿಕೊಂಡಿರುವವನು ಇವನೊಬ್ಬನೇ ಎಂದು ಆಕೆ ಪ್ರತಿ ವರ್ಷ ಹೊಸ ಹುಡುಗಿಯರಿಗೆ ಅವನ ಪರಿಚಯ ಮಾಡಿಸುತ್ತಾಳೆ. ಹುಡುಗಿಯರು ನಗುತ್ತಾರೆ. ಆಕೆ ನಗುವುದಿಲ್ಲ.

ಆಪರೇಷನ್ ಮೇಜಿನ ಪಕ್ಕ ನಿಂತು ಡಾಕ್ಟರ ಕೈಗೆ ಕತ್ತರಿ, ಇಕ್ಕಳ, ಸೂಜಿ ಎತ್ತಿಕೊಡುವವರನ್ನು ತಯಾರು ಮಾಡುವ ಶಾಲೆ ಅದು. ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಶಾಲೆ. ಸ್ಪಿರಿಟ್ಟಿನ ವಾಸನೆ ಇರಬೇಕಾದಲ್ಲಿ ಅಂಟಿನ ವಾಸನೆ. ಶಾಲೆಯ ಒಡೆಯ ದೋನ್ ನೆಪೊ ಮೊದಲು ಕಾರು ಓಡಿಸುವುದನ್ನು ಕಲಿಸುತ್ತಿದ್ದವನು. ಆ ವ್ಯಾಪಾರ ಕುಂಟಿತು, ಈ ವ್ಯಾಪಾರ ಹಿಡಿದ. ಚಕ್ರ ಹಿಡಿಯುವುದನ್ನು ಕಲಿಸಿದವನು ಕತ್ತರಿ ಹಿಡಿಯುವುದನ್ನು ಕಲಿಸಲಾರನೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ತುಂಬಿರುವ ಲೋಕದಲ್ಲಿ ಅವನಿಗೆ ವಿದ್ಯಾರ್ಥಿಗಳು ಸಿಕ್ಕೇ ಸಿಕ್ಕರು.

ಎರ್ಸಿಲಿಯಾಳ ಪಾಠದಲ್ಲಿ ಒಂದೇ ಧರ್ಮ. ಡಾಕ್ಟರು ಕೇಳಿದ ಸಲಕರಣೆ ಅವರ ಅಂಗೈಗೆ ಸದ್ದಾಗುವಂತೆ ಬೀಳಬೇಕು. ಬೀಳುವಾಗಲೇ ಅದರ ಹೆಸರು ಕೊಟ್ಟವಳ ಬಾಯಿಂದ ಬರಬೇಕು. ಡಾಕ್ಟರ ಕಣ್ಣು ಗಾಯದ ಮೇಲಿರುತ್ತದೆ. ಕೈಗೆ ಬಂದದ್ದೇನು ಎಂದು ಕಿವಿಗೆ ತಿಳಿಯಬೇಕು.

"ಏನೇ ಅದು, ಮಗೀಗೆ ಮಿಠಾಯಿ ಕೊಟ್ಟಂಗೆ ಕೊಡ್ತಿದೀಯ?"

"ನೋವಾಗುತ್ತೇನೋ ಅಂತ, ಪ್ರೊಫೆ," ಎಂದಳು ಹುಡುಗಿ. ಕಲಿಸುವವರನ್ನು ಅಲ್ಲಿ ಕರೆಯುವುದೇ ಹಾಗೆ.

"ಆಗ್ಲಿ ಬಿಡು. ಇನ್ನೊಬ್ರ ಹೊಟ್ಟೆ ಕುಯ್ಯೋರಿಗೆ ಅಂಗೈ ಉರಿದ್ರೆ ಏನೂ ಆಗಲ್ಲ. ಸದ್ದು ಬರ್ಲಿಲ್ಲ ಅಂದ್ರೆ ಕೊಟ್ಟಂಗೇ ಅಲ್ಲ. ಮತ್ತೆ ಆ ಉಗುರೇನು ತಾಯಿ, ಗಿಳಿ ಕೊಕ್ಕಾ? ನಾಳೆ ಕತ್ತರಿಸ್ಕೊಂಡು ಬಾ, ಇಲ್ಲ ನಾನೇ ಕತ್ತರಿಸ್ತೀನಿ. ನನ್ನ ಹತ್ರ ಕತ್ತರಿಗೇನು ಬರಗಾಲ ಇಲ್ಲ."

ಎರ್ಸಿಲಿಯಾ ಪಕ್ಕದ ಊರು ಪಿಯೆದೆಕುಯೆಸ್ತಾದಲ್ಲಿ ಚುಟ್ಟಾ ಸುತ್ತುವವಳ ಮಗಳಾಗಿ ಹುಟ್ಟಿದವಳು. ಹೊಗೆಸೊಪ್ಪಿನ ಎಲೆ ಹರಿಯದಂತೆ ತಾಯಿಯ ಕೈಗೆ ದಾಟಿಸುವುದು ಆಕೆಯ ಬೆರಳು ಕಲಿತ ಮೊದಲ ವಿದ್ಯೆ. ಆಮೇಲೆ ರಾಜಧಾನಿ ಬೊಗೋತಾದಲ್ಲಿ ಓದಿ ಈ ಕಸುಬು ಹಿಡಿದಳು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳುವ ಹೆಂಗಸರಿಗೆ ಆಕೆಯ ಉತ್ತರ ಸಿದ್ಧವಾಗಿರುತ್ತಿತ್ತು. "ಬೆಳಗಿಂದ ಸಂಜೆತಂಕ ಮೇಜಿನ ಪಕ್ಕ ನಿಂತು ಗಂಡಸ್ರಿಗೆ ಎತ್ತಿಕೊಡೋದೇ ಆಯ್ತು. ಮನೇಲೂ ಅದೇ ಮಾಡು ಅಂತೀರಾ?"

ಊರಿನ ದೊಡ್ಡ ಕ್ಲಿನಿಕ್ಕೊಂದರಲ್ಲಿ ಆಕೆ ಹಾಗೆ ಎತ್ತಿಕೊಟ್ಟ ಕೈಗಳ ಪೈಕಿ ಡಾಕ್ಟರ್ ಲಿಯೋವಿಹಿಲ್ದೋ ಮಾಂತಿಯಾನ ಕೈಯೂ ಒಂದು. ಗಂಟಲು ದೊಡ್ಡದು, ಕೈ ಸಾಧಾರಣ. ಕೂತರೆ ಎರಡು ಕುರ್ಚಿ ಬೇಡುವ ಹಿಂಭಾಗ. ರೋಗಿಯ ಹೊಟ್ಟೆ ತೆರೆದ ಮೇಲೆ ತನ್ನ ಕುದುರೆಗಳ ಕತೆ ಶುರುಮಾಡುತ್ತಿದ್ದ. ಹೊಲಿಗೆ ಮುಗಿದರೂ ಕುದುರೆ ಲಾಯ ಸೇರುತ್ತಿರಲಿಲ್ಲ. ಒಳ್ಳೆಯ ಡಾಕ್ಟರುಗಳೂ ಆ ಕ್ಲಿನಿಕ್ಕಿನಲ್ಲಿದ್ದರು. ಅವರ ಹೆಸರು ಊರಿಗೆ ಗೊತ್ತಿಲ್ಲ.

ಏಪ್ರಿಲ್ ಮಳೆ ಬಿದ್ದ ಮೇಲೆ ನೆಲದಿಂದ ಏಳುವ ದೊಡ್ಡ ಕುಂಡೆಯ ಇರುವೆಗಳೆಂದರೆ ಆ ಸೀಮೆಗೆ ಹಬ್ಬದ ತಿಂಡಿ; ಅವನ್ನು ಎರ್ಸಿಲಿಯಾಳ ತಂಗಿ ಉಪ್ಪು ಹಾಕಿ ಹುರಿದು ತಗಡಿನ ಡಬ್ಬಿಯಲ್ಲಿ ಕಳಿಸುತ್ತಿದ್ದಳು. ಒಂದು ವರ್ಷ ಡಬ್ಬಿಯ ಮುಚ್ಚಳ ಕಚ್ಚಿಕೊಂಡಿತು. ಆಪರೇಷನ್ ಮುಗಿಸಿ ಎಲ್ಲರೂ ಕಾಫಿ ಕುಡಿಯುತ್ತಿದ್ದರು. ಮಾಂತಿಯಾ ಮುಂದೆ ಬಂದ.

"ಬಿಡಿ, ಬಿಡಿ. ಹೆಂಗಸ್ರ ಕೈಲಿ ಆಗೋ ಕೆಲ್ಸ ಅಲ್ಲ ಅದು."

ಗುಜರಿಗೆಂದು ತೆಗೆದಿಟ್ಟಿದ್ದ ಹಳೆಯ ಇಕ್ಕಳವೊಂದನ್ನು ಎತ್ತಿಕೊಂಡು ಮುಚ್ಚಳದ ಅಡಿಗೆ ತೂರಿಸಿ ಮೀಟಿದ. ಮುಚ್ಚಳ ಹಾರಿತು, ಇಕ್ಕಳದ ಮೂತಿ ಸೊಟ್ಟಗಾಯಿತು. ಇಕ್ಕಳ ಅತ್ತ ಎಸೆದು ಅರ್ಧ ಡಬ್ಬಿ ಇರುವೆ ತಿಂದು ಹೋದ. ಸಲಕರಣೆ ತೊಳೆಯುವವಳು ಆ ಇಕ್ಕಳವನ್ನು ಒಳ್ಳೆಯವುಗಳ ಜೊತೆ ತೊಳೆದಳು, ಒಳ್ಳೆಯವುಗಳ ಜೊತೆ ಬೇಯಿಸಿದಳು. ಕೆಲವು ದಿನಗಳ ಮೇಲೆ ಪಿತ್ತಕೋಶದ ಆಪರೇಷನ್ನಿನಲ್ಲಿ ಅವಸರಕ್ಕೆ ಅದೇ ಕೈಗೆ ಬಂತು. ನೇರ ಮೂತಿ ಹೋಗದ ಸಂದಿಗೆ ಸೊಟ್ಟ ಮೂತಿ ಸಲೀಸಾಗಿ ಹೋಯಿತು.

"ಇದೇನಿದು?" ಎಂದ ಮಾಂತಿಯಾ.

"ಇರುವೆ ಡಬ್ಬಿ ತೆಗೆದ್ರಲ್ಲ ಡಾಕ್ಟ್ರೇ, ಅದೇ."

ಅವನಿಗೆ ಕೇಳಿಸಲಿಲ್ಲ. ಅವನಿಗೆ ಬೇಡದ್ದು ಯಾವತ್ತೂ ಕೇಳಿಸಿದ್ದಿಲ್ಲ. ತಿಂಗಳೊಳಗೆ ಅದು 'ನನ್ನ ಬಾಗು' ಆಯಿತು. ವರ್ಷದೊಳಗೆ ಬೊಗೋತಾದ ವ್ಯಾಪಾರಿಯೊಬ್ಬ ಅಂಥವೇ ಮಾಡಿಸಿ, ಹಿಡಿಯ ಮೇಲೆ 'ಮಾಂತಿಯಾ' ಎಂದು ಕೊರೆಸಿ ಮಾರಿದ. ಬಾಗಿದ ಇಕ್ಕಳ ಇವನ ತಾತನ ಕಾಲದಿಂದಲೂ ಪುಸ್ತಕದಲ್ಲಿತ್ತು. ಪುಸ್ತಕ ತೆರೆದು ನೋಡಿದವರಿರಲಿಲ್ಲ ಅಷ್ಟೆ. ಹೆಸರು ಕೊರೆದ ಇಕ್ಕಳಕ್ಕೆ ಕ್ಲಿನಿಕ್ಕಿನಲ್ಲಿ ಕೇಕು ಕತ್ತರಿಸಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಎರ್ಸಿಲಿಯಾ ಹೇಳಿದಳು, "ಇರುವೆಗಳಿಗೆ ಭಾಳ ಸಂತೋಷ ಆಗಿರುತ್ತೆ, ಡಾಕ್ಟ್ರೇ." ಈ ಸಲ ಅವನಿಗೆ ಕೇಳಿಸಿತು. ಮುಂದಿನ ವಾರದ ಡ್ಯೂಟಿ ಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ. ಹಾಗೆ ಆಕೆ ಚಪ್ಪಲಿ ಅಂಗಡಿಯ ಮೇಲಿನ ಶಾಲೆಗೆ ಬಂದಳು, ರಬ್ಬರ್ ಗಂಡಸಿನ ಪಕ್ಕ ನಿಂತಳು.

ಅಂದಿನಿಂದ ಆ ಮನುಷ್ಯನ ಹೆಸರು ಆಕೆಯ ನಾಲಿಗೆಯ ಮೇಲೆ ಬಂದದ್ದಿಲ್ಲ. ಆ ಇಕ್ಕಳದ ಪಾಠ ಬಂದಾಗ ಡಬ್ಬಿಯ ಕತೆ ಹೇಳುತ್ತಿದ್ದಳು, ಕತೆಯ ಕೊನೆಗೆ "ಇದರ ಹೆಸರು ಕುಂಡೆ ಇರುವೆ" ಎನ್ನುತ್ತಿದ್ದಳು. ಡಾಕ್ಟರನ್ನು ಕಂಡಿದ್ದ ಹುಡುಗಿಯರಿಗೆ ಆ ಹೆಸರು ಎರಡು ಕಡೆಯಿಂದ ಒಪ್ಪುತ್ತಿತ್ತು. ಬಾಯ್ತುಂಬ ನಗುತ್ತ ಬಾಯಿಪಾಠ ಮಾಡುತ್ತಿದ್ದರು.

ವರ್ಷಗಳು ಉರುಳಿ ಮಾಂತಿಯಾ ತನ್ನದೇ ಕ್ಲಿನಿಕ್ಕು ತೆರೆದ. ದೋನ್ ನೆಪೊ ಹಲ್ಲು ಗಿಂಜಿ, ಬೆನ್ನು ಬಗ್ಗಿಸಿ, ತನ್ನ ಹುಡುಗಿಯರಿಗೆ ಅಲ್ಲಿ ಕೆಲಸ ಕಲಿಯಲು ಜಾಗ ಗಿಟ್ಟಿಸಿಕೊಂಡ. ಅದಕ್ಕೆ ಬದಲಾಗಿ ಶಾಲೆಯ ಕೊನೆಯ ಪರೀಕ್ಷೆಗೆ ಮಾಂತಿಯಾನೇ ಪರೀಕ್ಷಕ.

"ಎರ್ಸಿಲಿಯಾ ಅವ್ರೇ, ಗೋಡೆ ಮೇಲಿನ ಪಟದಲ್ಲಿ ಡಾಕ್ಟ್ರ ಇಕ್ಕಳಾನೂ ಸೇರಿಸ್ಬೇಕು," ಎಂದ ದೋನ್ ನೆಪೊ.

"ಪಟದಲ್ಲಿ ಸಲಕರಣೆಗಳಿವೆ. ಅಡುಗೆಮನೆ ಸಾಮಾನು ಇಲ್ಲ."

"ನಿಮ್ಮ ಜಗಳದಲ್ಲಿ ನನ್ನ ಶಾಲೆ ಮುಳುಗಿಸ್ಬೇಡಿ ತಾಯಿ. ಹುಡುಗೀರು ಆ ಹೆಸರು ಹೇಳ್ದಿದ್ರೆ ಅವ್ನು ಪಾಸ್ ಮಾಡಲ್ಲ."

"ಮುಳುಗೋಕೆ ಮೊದ್ಲು ತೇಲ್ಬೇಕು, ದೋನ್ ನೆಪೊ."

ಪಟದಲ್ಲಿ ಆ ಇಕ್ಕಳ ಸೇರಲಿಲ್ಲ. ಆದರೆ ಆ ವರ್ಷ ತರಗತಿಯಲ್ಲಿ ಯೂರ್ಲೆ ಇದ್ದಳು.

ಕೆಳಗಿನ ಚಪ್ಪಲಿ ಅಂಗಡಿಗೆ ಅಟ್ಟೆ ಹೊಲಿದುಕೊಡುವವಳ ಮಗಳು ಯೂರ್ಲೆ. ತಾಯಿ ಕೈಚಾಚಿದರೆ ಉಳಿಯೋ ಸುತ್ತಿಗೆಯೋ ಎಂದು ಕೇಳದೆ ಕೊಟ್ಟು ಬೆಳೆದವಳು. ಎರ್ಸಿಲಿಯಾ ಎಷ್ಟೋ ವರ್ಷಗಳಿಂದ ಯಾರನ್ನೂ ಹೊಗಳಿರಲಿಲ್ಲ, ಯೂರ್ಲೆಯನ್ನೂ ಹೊಗಳಲಿಲ್ಲ. ಅವಳು ಇಕ್ಕಳ ಕೊಟ್ಟಾಗ ಮಾತ್ರ ಸುಮ್ಮನಿರುತ್ತಿದ್ದಳು. ಆ ಸುಮ್ಮನಿರುವಿಕೆಗಾಗಿ ಉಳಿದ ಹುಡುಗಿಯರು ಹೊಟ್ಟೆಕಿಚ್ಚು ಪಟ್ಟರು. ಅಮ್ಮ ಅಂಟಿನ ವಾಸನೆಯಿಂದ ಹೊರಬರುವುದು ಯೂರ್ಲೆ ಪಾಸಾದರೆ ಮಾತ್ರ. ಇನ್ನೊಂದು ವರ್ಷ ಓದಿಸುವ ಶಕ್ತಿ ಆ ಮನೆಯಲ್ಲಿರಲಿಲ್ಲ. ಇದು ಎರ್ಸಿಲಿಯಾಗೆ ಗೊತ್ತಿತ್ತು.

ಗೊತ್ತಿದ್ದೇ, ಪರೀಕ್ಷೆಯ ಹಿಂದಿನ ದಿನ ತರಗತಿ ಮುಗಿಸುವಾಗ ಬಾಗಿಲ ಕಡೆ ನೋಡಿಕೊಂಡು ಹೇಳಿದಳು. "ನಾಳೆ ಆ ಮನುಷ್ಯ ಕೈಚಾಚಿ ತನ್ನ ಹೆಸರು ಹೇಳಿದ್ರೆ, ನೀವೂ ಅದನ್ನೇ ಹೇಳಿ. ಹಾಳಾಗಿ ಹೋಗ್ಲಿ."

"ಯಾವ ಹೆಸ್ರು, ಪ್ರೊಫೆ?" ಎಂದು ಹಿಂದಿನ ಸಾಲಿನ ತುಂಟಿಯೊಬ್ಬಳು ಕೇಳಿದಳು.

"ನಿಂಗೊತ್ತು," ಎಂದಳು ಎರ್ಸಿಲಿಯಾ. ಆಗಲೂ ಅದನ್ನು ಉಚ್ಚರಿಸಲಿಲ್ಲ.

ಪರೀಕ್ಷೆಯ ದಿನ ಮಾಂತಿಯಾ ಸುಗಂಧ ಪೂಸಿಕೊಂಡು ಬಂದ. ದೋನ್ ನೆಪೊ ಅವನಿಗೆ ಅಗಲದ ಕುರ್ಚಿ ಹಾಕಿಸಿದ್ದ, ಪೇರಳೆ ಹಣ್ಣಿನ ಮಿಠಾಯಿ ತರಿಸಿದ್ದ, ನೊಣ ಓಡಿಸಲು ತಾನೇ ನಿಂತಿದ್ದ. ಎರ್ಸಿಲಿಯಾ ಬಾಗಿಲ ಬಳಿ ನಿಂತಳು. ಕಲಿಸಿದವರು ಪರೀಕ್ಷೆಯಲ್ಲಿ ಬಾಯಿ ಬಿಡುವಂತಿಲ್ಲ. ಮೊದಲ ಹುಡುಗಿಯರು ಹೇಗೋ ದಡ ಸೇರಿದರು. ಬೀಳಿಸಿದರು, ತಡವರಿಸಿದರು, ಆದರೆ 'ಮಾಂತಿಯಾ' ಎಂಬ ಹೆಸರನ್ನು ಮಾತ್ರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಹೇಳಿದರು. ಅವನು ಎಲ್ಲರನ್ನೂ ಪಾಸು ಮಾಡಿದ.

ಯೂರ್ಲೆಯ ಸರದಿ ಬಂತು. ರಬ್ಬರ್ ಗಂಡಸಿನ ಹೊಟ್ಟೆಯ ಮೇಲೆ ಮಾಂತಿಯಾ ಕೈಚಾಚಿದ. ಚಾಕು ಎಂದ, ಚಾಕು ಬಿತ್ತು. ಸೊಳ್ಳೆ ಎಂದ, ಆ ಹೆಸರಿನ ಸಣ್ಣ ಇಕ್ಕಳ ಬಿತ್ತು. ಅವನು ಬೇಕೆಂದೇ ಜೋರು ಮಾಡಿದ, ಅವಳೂ ಜೋರಾದಳು. ಟಪ್, ಟಪ್ ಎಂದು ಅಂಗೈ ಮಾತಾಡಿತು. ಅಂಥ ಓಟವನ್ನು ಆ ಕೋಣೆ ಕಂಡಿರಲಿಲ್ಲ.

"ಮಾಂತಿಯಾ," ಎಂದ ಮಾಂತಿಯಾ.

ಟಪ್. "ಕುಂಡೆ ಇರುವೆ," ಎಂದಳು ಯೂರ್ಲೆ.

ವರ್ಷವಿಡೀ ಬಿತ್ತಿದ್ದನ್ನೇ ಬಾಯಿ ಬೆಳೆದಿತ್ತು. ದೋನ್ ನೆಪೊನ ನೊಣದ ಬಟ್ಟೆ ಗಾಳಿಯಲ್ಲೇ ನಿಂತಿತು. ಹಿಂದೆ ಯಾರೋ ಕಿಸಕ್ಕೆಂದರು. ಮಾಂತಿಯಾನ ಕತ್ತು ಕೆಳಗಿನಿಂದ ಮೇಲಕ್ಕೆ ಕೆಂಪಾಗುತ್ತ ಬಂತು.

"ಯಾರಮ್ಮ ಕಲಿಸಿದ್ದು ಈ ಹೆಸ್ರು?"

ಯೂರ್ಲೆ ತಲೆ ತಗ್ಗಿಸಿದಳು. "ಬಾಯ್ತಪ್ಪಿ ಬಂತು, ಡಾಕ್ಟ್ರೇ."

"ಬಾಯಿ ತನ್ನಷ್ಟಕ್ಕೇ ಹೆಸ್ರಿಡಲ್ಲ. ಕಲಿಸಿದ್ದು ಯಾರು ಅಂದೆ."

ಯೂರ್ಲೆ ಮೇಜಿನ ಮೇಲಿನ ಕತ್ತರಿಗಳನ್ನು ಸಾಲು ಮಾಡತೊಡಗಿದಳು. ಮಾಂತಿಯಾ ಬಾಗಿಲ ಕಡೆ ತಿರುಗಿದ.

"ಕಲಿಸಿದೋರೇ ಬಂದು ತಿದ್ದಿದ್ರೆ ಪಾಸು. ಇಲ್ಲ ಅಂದ್ರೆ ಮುಂದಿನ ವರ್ಷ ಬರ್ಲಿ."

ಎರ್ಸಿಲಿಯಾಳ ಬಾಯಲ್ಲಿ ಡಬ್ಬಿಯ ಕತೆ ಸಿದ್ಧವಾಗಿತ್ತು. ಎಲ್ಲರ ಮುಂದೆ ಅದನ್ನು ಒಂದು ಸಲ ಬಿಚ್ಚಿದರೆ ಸಾಕು, ಆ ಹಿಂಭಾಗ ಮೆಟ್ಟಿಲಿಳಿದು ಹೋಗುವುದನ್ನು ಕಣ್ತುಂಬ ನೋಡಬಹುದಿತ್ತು. ಎಷ್ಟು ವರ್ಷದ ಹಸಿವು ಅದು. ಆದರೆ ಆ ಹುಡುಗಿಯ ಬಾಯಿಗೆ ಆ ಹೆಸರನ್ನು ಇಟ್ಟವನು ಮಾಂತಿಯಾ ಅಲ್ಲ. ತನ್ನ ಹಲ್ಲಿನ ಕಡಿತಕ್ಕೆ ಇನ್ನೊಬ್ಬರ ನಾಲಿಗೆ ಕೊಟ್ಟವಳು ತಾನು. ಇದುವರೆಗೆ ಊರಿನ ಡಾಕ್ಟರುಗಳಿಗೆ, ಶಾಲೆಯ ಒಡೆಯನಿಗೆ, ಉಗುರಿನ ಬಣ್ಣಕ್ಕೆ ಹಂಚಿಕೊಂಡು ಬಂದ ತಿರಸ್ಕಾರದಲ್ಲಿ ತನ್ನ ಪಾಲೂ ಒಂದಿಷ್ಟು ಉಳಿದಿತ್ತೆಂದು ಆಕೆಗೆ ಅಲ್ಲಿ ನಿಂತಲ್ಲೇ ತಿಳಿಯಿತು.

ಮೇಜಿನ ಹತ್ತಿರ ಬಂದಳು. ಯೂರ್ಲೆಯನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ ಇಕ್ಕಳ ಎತ್ತಿಕೊಂಡಳು.

"ಕೈ ಚಾಚಿ."

ಮಾಂತಿಯಾ ಚಾಚಿದ. ಇಕ್ಕಳ ಬಿದ್ದ ಸದ್ದಿಗೆ ಕೆಳಗಿನ ಅಂಗಡಿಯವರು ಸುತ್ತಿಗೆ ಎಂದುಕೊಂಡರಂತೆ.

"ಮಾಂತಿಯಾ," ಎಂದಳು.

"ಕೇಳಿಸ್ಲಿಲ್ಲ."

"ಕೇಳಿಸ್ದೇ ಇರೋದು ನಿಮಗೆ ಹಳೇ ಕಾಯಿಲೆ," ಎಂದು ಎರ್ಸಿಲಿಯಾ ಇಕ್ಕಳವನ್ನು ಅವನ ಕೈಯಿಂದ ತೆಗೆದು, ಕೆಂಪಾಗಿದ್ದ ಜಾಗಕ್ಕೇ ಇನ್ನೊಮ್ಮೆ ಹಾಕಿದಳು. "ಮಾಂತಿಯಾ, ಡಾಕ್ಟ್ರೇ."

ಅವನು ಅಂಗೈಯನ್ನು ಕೋಟಿನ ಜೇಬಿನಲ್ಲಿ ಅಡಗಿಸಿ ಯೂರ್ಲೆಯನ್ನು ಪಾಸು ಮಾಡಿದ. ಗೆದ್ದವನ ಔದಾರ್ಯ ತೋರಿಸಲೆಂದು ಮರುದಿನ ತನ್ನ ಹೆಸರು ಕೊರೆದ ಹೊಸ ಇಕ್ಕಳವೊಂದನ್ನು ರೇಷ್ಮೆ ಹಾಸಿದ ಪೆಟ್ಟಿಗೆಯಲ್ಲಿಟ್ಟು ಶಾಲೆಗೆ ಕಳಿಸಿದ. ಅಲ್ಪನಿಗೆ ಐಶ್ವರ್ಯ ಬಂದರೆ ಕೊಡೆ ತಾನು ಹಿಡಿದರೆ ಸಾಲದು, ಇನ್ನೊಬ್ಬರ ಕೈಗೂ ಕೊಟ್ಟು ಹಿಡಿಸಬೇಕು. ದೋನ್ ನೆಪೊ ಪಟದಲ್ಲಿ ಅದರ ಚಿತ್ರ ಅಂಟಿಸಿದ. ಎರ್ಸಿಲಿಯಾ ಕೀಳಲಿಲ್ಲ. ಪಾಠದಲ್ಲಿ ಆ ಹೆಸರು ಬಂದಾಗ ಹಲ್ಲುನೋವಿನವಳಂತೆ ಮುಖ ಮಾಡಿ ಹೇಳುತ್ತಾಳೆ, ಆದರೆ ಹೇಳುತ್ತಾಳೆ. ಡಬ್ಬಿಯ ಕತೆಯನ್ನು ಹುಡುಗಿಯರು ಈಗ ಪರೀಕ್ಷೆ ಮುಗಿದ ಮೇಲಷ್ಟೇ ಕೇಳುತ್ತಾರೆ.

ಮರುವರ್ಷ ಇರುವೆಗಳೆದ್ದ ಕಾಲಕ್ಕೆ ಯೂರ್ಲೆ ಶಾಲೆಗೆ ಬಂದಳು. ಕೈಯಲ್ಲಿ ಒಂದು ಡಬ್ಬಿ.

"ಎಲ್ಲಿದೀಯೇ ಈಗ?"

"ಡಾಕ್ಟರ್ ಮಾಂತಿಯಾ ಅವ್ರ ಕ್ಲಿನಿಕ್ಕಲ್ಲೇ, ಪ್ರೊಫೆ. ನೀವು ಬೈತೀರಿ ಅಂತ ಹೇಳಿರ್ಲಿಲ್ಲ."

ಎರ್ಸಿಲಿಯಾ ಅವಳ ಉಗುರು ನೋಡಿದಳು. ಗಿಡ್ಡಗೆ ಕತ್ತರಿಸಿದ್ದವು, ಬಣ್ಣವಿರಲಿಲ್ಲ.

"ಅಮ್ಮ?"

"ಮನೇಲಿದಾಳೆ. ಅಟ್ಟೆ ಹೊಲಿಯೋದು ಬಿಟ್ಲು. ಈಗ ನನ್ನ ಬೈಯೋದೇ ಅವಳ ಕೆಲ್ಸ."

"ಇನ್ನೂ ಕುದುರೆ ಕತೆ ಹೇಳ್ತಾನಾ ಅವನು?"

"ದಿನಾ. ಮೊನ್ನೆ ಅದು ಮರಿ ಹಾಕ್ತಂತೆ."

"ಪಾಪ, ಆ ಕುದುರೆಗೂ ಬಿಡುವಿಲ್ಲ. ತಾ ಇಲ್ಲಿ ಡಬ್ಬೀನ."

ಮುಚ್ಚಳ ಕಚ್ಚಿಕೊಂಡಿತ್ತು. ಎರ್ಸಿಲಿಯಾ ಎರಡು ಸಲ ತಿರುವಿ ನೋಡಿ, ಡಬ್ಬಿಯನ್ನು ರಬ್ಬರ್ ಗಂಡಸಿನ ಎದೆಯ ಮೇಲೆ ಊರಿಕೊಂಡು, ಹಿಂದೆ ತಿರುಗದೆ ಕೈಚಾಚಿದಳು. ಏನು ಬೇಕೆಂದು ಹೇಳಲಿಲ್ಲ. ಯೂರ್ಲೆ ಅತ್ತಿತ್ತ ಕಣ್ಣಾಡಿಸಿ ರೇಷ್ಮೆಯ ಪೆಟ್ಟಿಗೆ ತೆರೆದಳು.

ಟಪ್.

"ಮಾಂತಿಯಾ," ಎಂದಳು, ಕಲಿತಂತೆ.

ಎರ್ಸಿಲಿಯಾ ಇಕ್ಕಳದ ಮೂತಿಯನ್ನು ಮುಚ್ಚಳದ ಅಡಿಗೆ ತೂರಿಸಿ ಮೀಟಿದಳು.

"ಹೂಂ, ಡಬ್ಬಿ ತೆಗೆಯೋಕಾದ್ರೆ ಆ ಹೆಸ್ರೇ ಸರಿ."