ಹೆಗಲು ಮುಟ್ಟಿ ಗಂಟೆ ಹೇಳಿದವರು

ನನ್ನ ಮಾವನ ಎರಡು ಹೆಗಲು ಒಂದೇ ಮಟ್ಟದಲ್ಲಿ ಇರಲಿಲ್ಲ. ಬಲಗಡೆಯದು ಎರಡು ಬೆರಳು ತಗ್ಗು, ಮತ್ತೆ ಅಲ್ಲಿನ ಚರ್ಮ ಜಡ್ಡುಗಟ್ಟಿ ಹಲಸಿನ ಸಿಪ್ಪೆಯ ಹಾಗೆ ಒರಟು. ಅದು ಮೂವತ್ತು ವರ್ಷ ಸುತ್ತಿಗೆ ಹೊತ್ತ ಜಾಗ.

ಮಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ರೈಲು ಹಾದಿಯಲ್ಲಿ ಅವರು ಕೀಮ್ಯಾನ್ ಆಗಿದ್ದರು. ದಿನಾ ಬೆಳಿಗ್ಗೆ ತಮ್ಮ ಪಾಲಿನ ನಾಲ್ಕು ಮೈಲು ಹಳಿಯ ಮೇಲೆ ನಡೆದು, ಸಡಿಲವಾದ ಬೆಣೆಗಳನ್ನು ಹೊಡೆದು ಗಟ್ಟಿ ಮಾಡಬೇಕು. ಹಳಿ ಬಿರಿದದ್ದು ಕಂಡರೆ ಕೆಂಪು ಬಾವುಟ ಹಿಡಿದು ಗಾಡಿ ನಿಲ್ಲಿಸಬೇಕು. ನಡೆಯುತ್ತಲೇ ಜಪಸರ ಹೇಳುತ್ತಿದ್ದರಂತೆ. ಲೈನು ಒಳ್ಳೆಯದಿದ್ದ ದಿನ ಮೂರು ಜಪಸರ, ಬೆಣೆ ತುಂಬಾ ಸಡಿಲವಿದ್ದ ದಿನ ಎರಡು. ತಿಂಗಳಿಗೊಮ್ಮೆ ಶನಿವಾರ ಬಸ್ಸು, ದೋಣಿ ಹಿಡಿದು ಕಲ್ಯಾಣಪುರದ ಮನೆಗೆ ಬರುವುದು, ಭಾನುವಾರದ ಪೂಜೆ ಮುಗಿಸಿ ಹೊರಡುವುದು. ಹಾಗೆಯೇ ಮೂರು ಮಕ್ಕಳನ್ನು ಬೆಳೆಸಿದರು.

ನಾನು ಕಾರ್ಕಳದಿಂದ ಸೊಸೆಯಾಗಿ ಬಂದಾಗ ಅತ್ತೆ ತೀರಿಕೊಂಡಿದ್ದರು. ಮಾವ ಆಗಷ್ಟೇ ನಿವೃತ್ತರಾಗಿ ಮನೆಯಲ್ಲಿದ್ದರು. ಅಂಗಳದಲ್ಲಿಯೂ ಅವರ ಹೆಜ್ಜೆ ಹಳಿಯಡಿಯ ಒಂದು ಸ್ಲೀಪರಿನಿಂದ ಇನ್ನೊಂದಕ್ಕೆ ಇಟ್ಟ ಹಾಗೆ ಒಂದೇ ಅಳತೆ. ನಮ್ಮ ಕಡೆ ಆಗ ರೈಲೇ ಇರಲಿಲ್ಲ. ಪಕ್ಕದ ಗದ್ದೆಯವರು ಬೇಲಿಯಾಚೆಯಿಂದ, ನಮ್ಮ ಕ್ರೈಸ್ತರನ್ನು ಊರವರು ಕರೆಯುವ ಹಾಗೆ, "ಪೊರ್ಬುಗಳೇ, ಇವತ್ತು ಗಾಡಿ ಎಷ್ಟು ಹೊತ್ತು ತಡ?" ಎಂದು ದಿನಾ ಕೇಳುವರು. "ಗಾಡಿ ಸರಿಯಾಗಿ ಉಂಟು ಮಾರಾಯ, ನಿನ್ನ ಗದ್ದೆಗೆ ನೀರು ಯಾವಾಗ?" ಎಂದು ಇವರು.

ಕಣ್ಣಿಗಿಂತ ಸದ್ದಿನ ಮೇಲೆಯೇ ಅವರಿಗೆ ಹೆಚ್ಚು ನಂಬಿಕೆ. ಸಂತೆಯ ಮಡಕೆ, ಹೊಸ ಬಾಗಿಲ ಚೌಕಟ್ಟು, ಬಾವಿಯ ಕಟ್ಟೆ ಎಲ್ಲವನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವರು. ನನಗೆ ಒಳಗೊಳಗೇ ನಗು ಬರುತ್ತಿತ್ತು.

ನನ್ನ ಮೊದಲ ಮಗಳಿಗೆ ಎರಡು ವರ್ಷ ಕಳೆದರೂ ಮಾತು ಬರಲಿಲ್ಲ. ಕರೆದರೆ ತಿರುಗಿ ನೋಡುವುದಿಲ್ಲ. ಹಠಮಾರಿ ಎಂದುಕೊಂಡೆ. ಒಂದು ದಿನ ಬಾವಿಯ ಕಡೆ ಹೋಗುತ್ತಿದ್ದಳು. ನಾಲ್ಕು ಸಲ ಕೂಗಿದರೂ ನಿಲ್ಲಲಿಲ್ಲ. ಓಡಿಹೋಗಿ ಎಳೆದು ತಂದು ಕೆನ್ನೆಗೆ ಹೊಡೆದೆ.

ಮಾವ ಜಗಲಿಯಿಂದ ನೋಡುತ್ತಿದ್ದರು. ಅವಳ ಅಳು ನಿಂತು ಕಲ್ಲು ಜೋಡಿಸುತ್ತಾ ಕೂತ ಮೇಲೆ ಒಳಗಿನಿಂದ ತಾಮ್ರದ ಕೊಡಪಾನ ತಂದರು. ಅವಳ ಬೆನ್ನ ಹಿಂದೆ ಕವುಚಿ ಹಾಕಿ ಸುತ್ತಿಗೆಯಿಂದ ಹೊಡೆದರು. ಬೆಂಚಿನಡಿಯ ಬೆಕ್ಕು ಪಾಗಾರ ಹಾರಿತು. ನಾನು ಬೆಚ್ಚಿಬಿದ್ದೆ. ಮಗು ಮೂರನೆಯ ಕಲ್ಲಿನ ಮೇಲೆ ನಾಲ್ಕನೆಯದನ್ನು ಇಡುತ್ತಿತ್ತು. ಇನ್ನೊಮ್ಮೆ ಹೊಡೆದರು. ಆಮೇಲೆ ಸುತ್ತಿಗೆ ಕೆಳಗಿಟ್ಟರು.

"ಬಾಯೆ," ಎಂದರು, "ಅವಳಿಗೆ ಹಠ ಇಲ್ಲ. ಅವಳಿಗೆ ಕೇಳಿಸುವುದಿಲ್ಲ."

ಮಣಿಪಾಲದ ಡಾಕ್ಟರೂ ಅದನ್ನೇ ಹೇಳಿದರು, ಹುಟ್ಟಿನಿಂದಲೇ ಹಾಗೆ ಎಂದರು. ನಾನು ಅತ್ತೂರಿನ ಇಗರ್ಜಿಗೆ ಹರಕೆ ಹೊತ್ತು ದಿನವಿಡೀ ಅಳುತ್ತಾ ಕೂರುತ್ತಿದ್ದೆ. ಒಂದು ವಾರ ನೋಡಿದರು ಮಾವ. ಮತ್ತೆ ಕೇಳಿದರು, "ದೇವರ ಹೆಸರು ಹೇಳಿಯೇ ನಾನು ದಿನಾ ಲೈನಿಗೆ ಇಳಿದದ್ದು. ಹಾಗೆಂದು ಸುತ್ತಿಗೆ ಬಿಟ್ಟು ಹೋದದ್ದು ಉಂಟಾ? ಏಳು. ಹಳೆಯ ರವಿಕೆ ಎಂತದಾದರೂ ಉಂಟಾ, ಕೆಂಪು, ಹಸಿರು?"

ಎರಡು ಬಾವುಟ ಹೊಲಿದು ಕೊಟ್ಟೆ. ಅಂಗಳದ ಆಚೆ ತುದಿಯಲ್ಲಿ ಅವಳು, ಈಚೆ ಇವರು. ಕೆಂಪು ತೋರಿಸಿದರೆ ನಿಲ್ಲಬೇಕು, ಹಸಿರಿಗೆ ಬರಬೇಕು. ಗಾಡಿ ದಾಟಿದ ಮೇಲೆ ಕೀಮ್ಯಾನ್ ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾನಲ್ಲ, ಅದು ಮುಗಿಯಿತು ಎಂಬುದರ ಗುರುತು. ಊಟ ಮುಗಿದರೂ, ಜಪಸರ ಮುಗಿದರೂ ಅಜ್ಜ ಮೊಮ್ಮಗಳು ಖಾಲಿ ಕೈಯನ್ನೇ ಸುತ್ತಿ ಕಂಕುಳಿಗೆ ಇಟ್ಟುಕೊಳ್ಳುವರು. ಕಾಪುವಿನ ನಾದಿನಿಯ ಮನೆಗೆ ಹೋದಾಗ ದೀಪಸ್ತಂಭದ ಬೆಳಕು ತಿರುಗುವುದನ್ನು ತೋರಿಸಿ ಬಂದರು. ಮಾತಿಲ್ಲದೆ ಹೇಗೆ ಸಾಗೀತು ಎಂದು ನನ್ನ ಯಜಮಾನರು ಕೇಳಿದರೆ, "ಮೂವತ್ತು ವರ್ಷದಲ್ಲಿ ನಾನು ಇಂಜಿನ್ ಡ್ರೈವರಿಗೆ ಒಂದು ಮಾತು ಹೇಳಿದವನಲ್ಲ. ಅವನು ಕೇಳದೆ ಹೋದದ್ದೂ ಇಲ್ಲ," ಎಂದರು.

ಬಾವುಟ ಸಾಲದೆ ಬಂದಾಗ ಕೈ ಬಂತು. ಹಾಲು, ಅನ್ನ, ಅಪ್ಪ, ನೋವು, ದೇವರು ಒಂದೊಂದಕ್ಕೂ ಒಂದೊಂದು ಕೈಗುರುತು. ಮೊದಲು ಅವರಿಬ್ಬರೇ ಮಾಡಿಕೊಂಡರು, ಆಮೇಲೆ ನಾವೂ ಕಲಿತೆವು.

ಏಳು ತುಂಬಿದಾಗ ಅವಳ ಓರಗೆಯವರಿಗೆಲ್ಲ ಪ್ರಥಮ ಪರಮಪ್ರಸಾದದ ಪಾಠ ಶುರುವಾಯಿತು. ಪಾದ್ರಿಗಳು ನಮ್ಮನ್ನು ಕರೆದು ಮೆಲ್ಲಗೆ ಹೇಳಿದರು. ಮಗು ಪ್ರಾರ್ಥನೆ ಹೇಳಲಾರದು, ಪಾಪನಿವೇದನೆ ಮಾಡಲಾರದು, ತಿಳಿಯದೆ ಸ್ವೀಕರಿಸುವುದು ಸರಿಯಲ್ಲ, ದೇವರು ಅಂಥವರನ್ನು ಹೇಗೂ ಕೈಬಿಡುವುದಿಲ್ಲ ಎಂದರು. ನಾನು ತಲೆ ತಗ್ಗಿಸಿ ಆಯಿತು ಎಂದುಬಿಟ್ಟೆ. ಮಾವ ಏಳಲಿಲ್ಲ.

"ಫಾದರ್, ಪೂಜೆ ಲತೀನಿನಲ್ಲಿ. ನಮ್ಮಲ್ಲಿ ಯಾರಿಗೆ ಅರ್ಥವಾಗುತ್ತದೆ? ಗಂಟೆ ಹೊಡೆದಾಗ ಮಂಡಿಯೂರುತ್ತೇವೆ. ಗಂಟೆ ಹೊಡೆದಾಗ ನಾನು ಇವಳ ಹೆಗಲು ಮುಟ್ಟುತ್ತೇನೆ. ನನಗೆ ಒಂದು ವರ್ಷ ಕೊಡಿ."

ಪಾದ್ರಿಗಳು ನಕ್ಕು, ಕೊಟ್ಟರು.

ಆ ಒಂದು ವರ್ಷ ಮಾವ ಲೈನಿಗೆ ಹೋದ ಹಾಗೆಯೇ ಅವಳ ಪಾಠಕ್ಕೆ ಕೂತರು, ಒಂದು ದಿನವೂ ರಜೆ ಇಲ್ಲ. ಬೆಲ್ಲ ಕದ್ದದ್ದು ಪಾಪ, ತಮ್ಮನನ್ನು ಚಿವುಟಿದ್ದು ಪಾಪ, ಅದಕ್ಕೆ ಎದೆಗೆ ಮುಷ್ಟಿ ಎಂದು ಕಲಿಸಿದರು. ಇಗರ್ಜಿಯ ಶಿಲುಬೆಯ ಮುಂದೆ ನಿಲ್ಲಿಸಿ, ಮೊಳೆ ಬಡಿದ ಜಾಗವನ್ನು ತಮ್ಮ ಅಂಗೈಯಲ್ಲಿ ತೋರಿಸಿ ಹೇಳಿಕೊಟ್ಟರು. ಅವಳು ಅವರ ಅಂಗೈಯನ್ನು ತಿರುಗಿಸಿ ರಕ್ತ ಉಂಟೋ ಎಂದು ನೋಡಿದಳು.

ಪರೀಕ್ಷೆಯ ದಿನ ಪಾದ್ರಿಗಳು ಒಂದು ಕೈಯಲ್ಲಿ ಬನ್ನು, ಇನ್ನೊಂದರಲ್ಲಿ ಇನ್ನೂ ಪವಿತ್ರೀಕರಿಸದ ಬಿಳಿ ಓಸ್ತಿ, ಪೂಜೆಯಲ್ಲಿ ದೇವರ ಶರೀರವಾಗುವ ತೆಳು ರೊಟ್ಟಿ, ಹಿಡಿದರು. ಮೊದಲು ಬನ್ನನ್ನು ಮುಂದೆ ಮಾಡಿದರು. ಅವಳು ನಗುತ್ತಾ ಹೊಟ್ಟೆ ಸವರಿಕೊಂಡಳು. ಓಸ್ತಿಯನ್ನು ತೋರಿಸಿ, ಆಮೇಲೆ ಪೀಠದ ಕಡೆ ಕೈ ಮಾಡಿದರು. ಅವಳು ನಗುವುದನ್ನು ನಿಲ್ಲಿಸಿದಳು. ತನ್ನ ಅಂಗೈಯ ನಡುವೆ ಬೆರಳು ಒತ್ತಿದಳು, ಆ ಕೈಯನ್ನು ಎದೆಗಿಟ್ಟುಕೊಂಡಳು, ಮೇಲೆ ನೋಡಿ ಮಂಡಿಯೂರಿದಳು.

ಪಾದ್ರಿಗಳು ಮಾವನ ಕಡೆ ತಿರುಗಿ, "ಪಾಠಕ್ಕೆ ಬರುವ ಉಳಿದ ಮಕ್ಕಳನ್ನೂ ನಿಮ್ಮ ಹತ್ತಿರ ಕಳಿಸಲಾ?" ಎಂದು ಕೇಳಿದರು. ಮಾವ ಕೈ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಅವಳೂ ಇಟ್ಟುಕೊಂಡಳು.

ಸುತ್ತಿಗೆಯ ಏಟು, ಇಂಜಿನಿನ ಕೂಗು ಅಷ್ಟು ವರ್ಷ ತಿಂದ ಕಿವಿ ಕೊನೆಗೆ ಮಾವನಿಗೂ ಕೈಕೊಟ್ಟಿತು. ಅಷ್ಟರಲ್ಲಿ ಪೂಜೆ ಕೊಂಕಣಿಗೆ ಬಂದಿತ್ತು. ನಮಗೆಲ್ಲ ಅರ್ಥವಾಗುವ ಕಾಲಕ್ಕೆ ಅವರಿಗೆ ಕೇಳಿಸುತ್ತಿರಲಿಲ್ಲ. ಮಕ್ಕಳು ಕಿವಿಯ ಹತ್ತಿರ ಕೂಗಿ ಸೋತರು. ನನ್ನ ಮಗಳಿಗೆ ಮಾತ್ರ ಏನೂ ಬದಲಾಗಲಿಲ್ಲ. ಇಗರ್ಜಿಯಲ್ಲಿ ಪೀಠಸೇವೆಯ ಹುಡುಗನ ಕೈ ಗಂಟೆಯ ಕಡೆ ಹೋಗುವುದನ್ನೇ ಕಾದಿದ್ದು, ಅಜ್ಜನ ಆ ತಗ್ಗಿದ ಹೆಗಲು ಮುಟ್ಟುವಳು. ಇಬ್ಬರೂ ಒಟ್ಟಿಗೆ ಮಂಡಿಯೂರುವರು. ನಾನು ಹಿಂದಿನ ಸಾಲಿನಿಂದ ನೋಡುತ್ತಿದ್ದೆ.

ಅವಳಿಗೆ ಹದಿಮೂರು ಆಗಿದ್ದಾಗ ಮಾವ ಹೊರಟರು. ಹಗಲು ಮೂರು ಗಂಟೆ ಇರಬಹುದು. ನಾವು ಮಂಚದ ಸುತ್ತ ಪ್ರಾರ್ಥನೆ ಹೇಳುತ್ತಿದ್ದೆವು, ಅವರಿಗೆ ಒಂದಕ್ಷರವೂ ಮುಟ್ಟುತ್ತಿರಲಿಲ್ಲ. ಅವಳು ಅವರ ಅಂಗೈ ಬಿಡಿಸಿ ಜಪಸರದ ಮಣಿಗಳನ್ನು ಒಂದೊಂದಾಗಿ ಒತ್ತಿದಳು. ಪ್ರತಿ ಮಣಿಗೂ ಅವರ ಬೆರಳು ಸ್ವಲ್ಪ ಮಡಚಿಕೊಳ್ಳುತ್ತಿತ್ತು. ಹತ್ತು ಹತ್ತು ಮಣಿಯ ಐದು ಸುತ್ತಿನಲ್ಲಿ ನಾಲ್ಕನೆಯದರ ಮಧ್ಯದಲ್ಲಿ ಅದು ನಿಂತಿತು. ಅವಳು ಆ ಜಪಸರವನ್ನು ಅರ್ಧಕ್ಕೆ ಬಿಡಲಿಲ್ಲ. ಕೊನೆಯ ಮಣಿ ಒತ್ತಿ ನಮ್ಮ ಕಡೆ ನೋಡಿ, ಕೈ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ಸಂಜೆ ಪ್ರಾರ್ಥನೆಗೆ ಕೂತಾಗ ನಾನು ದೇವರ ಉಪಕಾರ ಎಣಿಸುತ್ತೇನೆ. ಅವಳು ಬಾವಿಗೆ ಬೀಳಲಿಲ್ಲ. ಆ ದಿನ ಮಾವ ಜಗಲಿಯಲ್ಲೇ ಇದ್ದರು. ಕೊಡಪಾನ ಮನೆಯಲ್ಲಿತ್ತು. ಅವಳನ್ನು ಹೊಡೆದ ಕೈಗೂ ಗುರುತು ಕಲಿಯುವಷ್ಟು ಸಮಯ ಸಿಕ್ಕಿತು. ಈಗ ಭಾನುವಾರ ಅವಳ ಪಕ್ಕದಲ್ಲಿ ಕೂರುವವಳು ನಾನು. ಗಂಟೆ ಕೇಳಿದ ಕೂಡಲೇ ಈ ಕೈ ತಾನಾಗಿ ಅವಳ ಹೆಗಲಿಗೆ ಹೋಗುತ್ತದೆ. ಅಷ್ಟರಲ್ಲಿ ಅವಳು ಮಂಡಿಯೂರಿ ಆಗಿರುತ್ತದೆ.